ಟಿಟ್ಲಿಸ್‌ಗೆ ಒಂದು ದಿನ: ಮೊದಲು ಮೋಡ ನೋಡಿ, ಆಮೇಲೆ ಟಿಕೆಟ್

ಸ್ವಿಟ್ಜರ್ಲೆಂಡ್ ಪ್ರವಾಸದ ಪಟ್ಟಿಯಲ್ಲಿ ಟಿಟ್ಲಿಸ್‌ಗೆ ಸಿಗೋದು ಒಂದೇ ಸಾಲು. ‘ಬೆಳಿಗ್ಗೆ ಹೋಗೋದು, ಹಿಮದಲ್ಲಿ ಆಡೋದು, ಸಂಜೆಗೆ ವಾಪಸ್.’ ಆದರೆ ಆ ಒಂದು ಸಾಲಿನೊಳಗೆ ಎರಡು ಸಾವಿರ ಮೀಟರ್ ಏರಿಕೆ ಇದೆ, ತಲೆಗೆ ಹತ್ತು ಸಾವಿರ ರೂಪಾಯಿ ಆಸುಪಾಸಿನ ಟಿಕೆಟ್ ಇದೆ, ಜೊತೆಗೆ ಬರುವ ಅಪ್ಪನ ಬಿಪಿ, ಅಮ್ಮನ ಮಂಡಿನೋವು ಎಲ್ಲಾ ಇದೆ. ಕೆಲಸಕ್ಕೆಂದು ಜ್ಯೂರಿಕ್ ಕಡೆ ಇರುವ ನಮ್ಮಂಥವರು ಊರಿಂದ ಹೆತ್ತವರನ್ನು ಕರೆಸಿಕೊಂಡಾಗ ತೋರಿಸಲೇಬೇಕು ಅಂದುಕೊಳ್ಳುವ ಜಾಗ ಇದು. ಹಾಗಾಗಿ ಸ್ವಲ್ಪ ಕೂತು ಲೆಕ್ಕ ಹಾಕೋಣ.

ಎತ್ತರದ ಲೆಕ್ಕ

ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್. ಟಿಟ್ಲಿಸ್ ಶಿಖರ 3,238 ಮೀಟರ್; ಕೇಬಲ್ ಕಾರ್ ನಮ್ಮನ್ನು ಇಳಿಸುವ ನಿಲ್ದಾಣ 3,020 ಮೀಟರ್‌ನಲ್ಲಿದೆ. ಬೆಟ್ಟದ ಬುಡದ ಊರು ಎಂಗಲ್‌ಬರ್ಗ್ ಇರೋದು ಸುಮಾರು 1,000 ಮೀಟರ್‌ನಲ್ಲಿ. ಅಂದರೆ ಹೆಚ್ಚುಕಡಿಮೆ ನಮ್ಮ ಬೆಂಗಳೂರಿನ ಎತ್ತರ. ಅಲ್ಲಿಂದ ಅರ್ಧ ಗಂಟೆಯಲ್ಲಿ, ಕೂತಲ್ಲೇ ಕೂತು, ಮೂರು ಸಾವಿರ ಮೀಟರ್ ತಲುಪಿಬಿಡ್ತೀವಿ.

ಆ ಎತ್ತರದಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟಕ್ಕೆ ಹೋಲಿಸಿದರೆ ಶೇ 70ರಷ್ಟು ಮಾತ್ರ. ಒಂದೊಂದು ಉಸಿರಿಗೂ ಸಿಗುವ ಆಮ್ಲಜನಕ ಅಷ್ಟೇ ಕಡಿಮೆ. ಎತ್ತರದ ಕಾಯಿಲೆ ಸಾಮಾನ್ಯವಾಗಿ 2,500 ಮೀಟರ್ ಮೇಲೆ ಕೆಲವು ಗಂಟೆ ಕಳೆದ ಮೇಲೆ ಕಾಣಿಸಿಕೊಳ್ಳುತ್ತೆ. ಎರಡು–ಮೂರು ಗಂಟೆ ಇದ್ದು ಇಳಿದುಬಿಡುವ ಆರೋಗ್ಯವಂತರಿಗೆ ಅದರ ಭಯ ಅಷ್ಟಾಗಿ ಬೇಡ. ಆದರೆ ಮೆಟ್ಟಿಲು ಹತ್ತಿದರೆ ಏದುಸಿರು, ಬೇಗ ಎದ್ದರೆ ತಲೆಸುತ್ತು, ತಲೆ ಭಾರ ಇವೆಲ್ಲ ಮಾಮೂಲು. ಹೃದಯ ಅಥವಾ ಶ್ವಾಸಕೋಶದ ತೊಂದರೆ ಇರುವವರು ಹೊರಡುವ ಮೊದಲೇ, ಊರಲ್ಲೇ ವೈದ್ಯರನ್ನು ಕೇಳಿಕೊಂಡು ಬರೋದು ಒಳ್ಳೇದು. ಮೇಲೆ ಹೋದಮೇಲೆ ನಿಧಾನ ನಡೆಯಿರಿ, ಆಗಾಗ ನೀರು ಕುಡಿಯಿರಿ.

ನಾವು ಹೋಗುವ ಹಿಂದಿನ ರಾತ್ರಿ ಮನೆಯಲ್ಲಿ ಒಂದು ಮಾತು ಮಾಡಿಕೊಂಡಿದ್ವಿ. ಯಾರಿಗೆ ಯಾವಾಗ ಸಾಕು ಅನಿಸುತ್ತೋ ಅವರು ಹೇಳಬೇಕು, ಅವರ ಜೊತೆ ಒಬ್ಬರು ಇಳೀಬೇಕು, ‘ಅಷ್ಟು ದುಡ್ಡು ಕೊಟ್ಟಿದ್ದೀವಲ್ಲ’ ಅಂತ ಯಾರೂ ಅನ್ನಬಾರದು. ಅಪ್ಪನಿಗೆ 67. ಮೇಲೆ ಮುಕ್ಕಾಲು ಗಂಟೆ ಆಗುತ್ತಲೇ, ‘ಯಾಕೋ ತಲೆ ಹಿಡಿದಂಗೆ ಆಗ್ತಿದೆ ಕಣಮ್ಮಾ, ನಾನು ಕೆಳಗಿರ್ತೀನಿ’ ಅಂದರು. ತಂಗಿ ಅವರನ್ನು ಕರ್ಕೊಂಡು ಟ್ರೂಬ್‌ಸೇ ಸರೋವರಕ್ಕೆ ಇಳಿದಳು. ನಾನು, ಅಮ್ಮ ಎರಡು ಗಂಟೆ ಬಿಟ್ಟು ಇಳಿದಾಗ ಅಪ್ಪ ನೀರಿನ ಪಕ್ಕದ ಬೆಂಚಿನ ಮೇಲೆ ಶೂ ಬಿಚ್ಚಿ ಕೂತು, ಹಸುಗಳ ಕೊರಳ ಗಂಟೆ ಕೇಳ್ತಾ ಆರಾಮಾಗಿದ್ದರು. ಈಗಲೂ ಫೋನಿನಲ್ಲಿ ಅವರು ನೆನೆಸಿಕೊಳ್ಳೋದು ಆ ಕೆರೆಯನ್ನೇ. ಮೊದಲೇ ಮಾತಾಡಿಕೊಳ್ಳದಿದ್ದರೆ ನಮಗೆ ಬೇಜಾರಾಗುತ್ತೆ ಅಂತ ಹಲ್ಲು ಕಚ್ಚಿಕೊಂಡು ಮೇಲೇ ಇದ್ದುಬಿಡ್ತಿದ್ದರು. ನಮ್ಮ ಹಿರಿಯರ ಸ್ವಭಾವ ನಿಮಗೂ ಗೊತ್ತಲ್ಲ.

ಟಿಕೆಟ್ ಯಾವಾಗ ಕೊಳ್ಳೋದು?

ಬೆಟ್ಟದ ಮೇಲಿನ ಕ್ಯಾಮೆರಾಗಳ ನೇರ ಚಿತ್ರ ಮೊಬೈಲ್‌ನಲ್ಲೇ ಸಿಗುತ್ತೆ. ಬೆಳಿಗ್ಗೆ ಎದ್ದ ತಕ್ಷಣ ಅದನ್ನು ನೋಡಿ. ಬಿಳಿ ಪರದೆ ಎಳೆದಂತಿದ್ದರೆ ಮೇಲೆಯೂ ಕಾಣೋದು ಅದೇ ಬಿಳಿ. ಮೋಡ ಕವಿದರೆ ದುಡ್ಡು ವಾಪಸ್ ಬರುತ್ತೆ ಅಂತ ನಂಬಿಕೊಳ್ಳಬೇಡಿ. ಹಾಗಾಗಿ ಪ್ರವಾಸದಲ್ಲಿ ಟಿಟ್ಲಿಸ್‌ಗೆ ಎರಡು ದಿನ ಗುರುತು ಹಾಕಿ, ಸ್ವಿಸ್ ಹವಾಮಾನ ಇಲಾಖೆಯ ಆ್ಯಪ್ ನೋಡಿಕೊಂಡು, ಹಿಂದಿನ ಸಂಜೆ ಅಥವಾ ಅವತ್ತು ಬೆಳಿಗ್ಗೆ ಟಿಕೆಟ್ ತಗೊಳ್ಳಿ. ಉಳಿದ ದಿನಕ್ಕೆ ಲೂಸರ್ನ್ ಊರು, ಅದರ ಸರೋವರ ಇದ್ದೇ ಇವೆ. ಜೋರು ಗಾಳಿ ಇದ್ದರೆ ತೂಗುಸೇತುವೆ ಮುಚ್ಚಬಹುದು. ನವೆಂಬರ್‌ನಲ್ಲಿ ಸಾಮಾನ್ಯವಾಗಿ ಕೆಲವು ದಿನ ದುರಸ್ತಿಗೆಂದು ಕೇಬಲ್ ಕಾರ್ ಓಡಲ್ಲ. ಮೇಲೆ ದೊಡ್ಡ ಕಟ್ಟಡದ ಕಾಮಗಾರಿಯೂ ನಡೀತಿರೋದರಿಂದ ಯಾವ್ಯಾವುದು ತೆರೆದಿದೆ ಅಂತ ಅವತ್ತಿನ ಪಟ್ಟಿ ನೋಡಿಕೊಳ್ಳಿ.

ಸ್ವಿಸ್ ಟ್ರಾವೆಲ್ ಪಾಸ್ ಇದ್ದರೆ ಎಂಗಲ್‌ಬರ್ಗ್‌ವರೆಗಿನ ರೈಲಿಗೆ ಬೇರೆ ದುಡ್ಡಿಲ್ಲ, ಕೇಬಲ್ ಕಾರ್‌ಗೆ ಅರ್ಧ ದರ. ಅಲ್ಲೇ ವಾಸ ಇರುವವರ ಹಾಫ್ ಫೇರ್ ಕಾರ್ಡ್‌ಗೂ ಅರ್ಧ ದರವೇ.

ದಿನ ಹೀಗಿರಲಿ

ಲೂಸರ್ನ್‌ನಿಂದ ಎಂಗಲ್‌ಬರ್ಗ್‌ಗೆ ನೇರ ರೈಲು, 43 ನಿಮಿಷ. ನಿಲ್ದಾಣದಿಂದ ಕೇಬಲ್ ಕಾರ್ ಹತ್ತುವ ಜಾಗ ಹತ್ತು ನಿಮಿಷದ ನಡಿಗೆ. ದೊಡ್ಡ ಟೂರ್ ಬಸ್ಸುಗಳು ಬರುವ ಮೊದಲೇ ಹತ್ತಿದರೆ ಸಾಲು ಕಮ್ಮಿ. 8 ಜನರ ಪುಟ್ಟ ಗೊಂಡೊಲಾ ಟ್ರೂಬ್‌ಸೇ ದಾಟಿ ಸ್ಟಾಂಡ್ ಎಂಬ ನಿಲ್ದಾಣಕ್ಕೆ ಒಯ್ಯುತ್ತೆ. ಅಲ್ಲಿಂದ ರೋಟೇರ್. 1992ರಲ್ಲಿ ಶುರುವಾದ, ತಿರುಗುತ್ತಾ ಏರುವ ಜಗತ್ತಿನ ಮೊದಲ ಕೇಬಲ್ ಕಾರ್ ಅದು. ಐದು ನಿಮಿಷದಲ್ಲಿ ಒಂದು ಸುತ್ತು ತಿರುಗುತ್ತೆ, ಕಿಟಕಿ ಪಕ್ಕ ಜಾಗ ಸಿಗಲಿಲ್ಲ ಅಂತ ಜಗಳ ಬೇಡ.

ಮೇಲೆ ಮೊದಲು ತೂಗುಸೇತುವೆ ಮುಗಿಸಿ. 3,041 ಮೀಟರ್ ಎತ್ತರದಲ್ಲಿ, 100 ಮೀಟರ್ ಉದ್ದ, ಒಂದೇ ಮೀಟರ್ ಅಗಲ. ಹೆಜ್ಜೆ ಇಟ್ಟರೆ ಸಣ್ಣಗೆ ಅಲ್ಲಾಡುತ್ತೆ. ಆಮೇಲೆ ಹಿಮನದಿಯ ಒಳಗೆ ಕೊರೆದ 150 ಮೀಟರ್ ಗುಹೆ. ನೆಲ ಜಾರುತ್ತೆ, ಹಿರಿಯರ ಕೈ ಬಿಡಬೇಡಿ. ಹಿಮದಲ್ಲಿ ರಬ್ಬರ್ ಟ್ಯೂಬ್ ಮೇಲೆ ಜಾರುವ ಗ್ಲೇಸಿಯರ್ ಪಾರ್ಕ್ ತೆರೆದಿದ್ದರೆ ಅದು ಮಕ್ಕಳ ಪಾಲು. ಶಾರುಖ್–ಕಾಜೋಲ್ ಕಟೌಟ್ ಪಕ್ಕ ಫೋಟೋ ತೆಗೆಸಿಕೊಳ್ಳುವ ಸಾಲಂತೂ ಕರಗೋದೇ ಇಲ್ಲ!

ಬ್ಯಾಗಿನಲ್ಲಿ ಏನಿರಬೇಕು?

ಸಾವಿರ ಮೀಟರ್ ಏರಿದರೆ ಸುಮಾರು ಆರೂವರೆ ಡಿಗ್ರಿ ಚಳಿ ಜಾಸ್ತಿ. ಊರಲ್ಲಿ 20 ಡಿಗ್ರಿ ಇದ್ದರೆ ಮೇಲೆ ಏಳರ ಆಸುಪಾಸು, ಗಾಳಿ ಬೀಸಿದರೆ ಇನ್ನೂ ಕೊರೆಯುತ್ತೆ. ಜುಲೈನಲ್ಲೂ ಸ್ವೆಟರ್, ಗಾಳಿ ತಡೆಯುವ ಜಾಕೆಟ್, ಕೈಗವಸು, ಹಿಡಿತ ಇರುವ ಶೂ ಬೇಕು. ಅಮ್ಮ ಸೀರೆಯಲ್ಲೇ ಬರ್ತೀನಿ ಅಂದರೆ ಒಳಗೆ ಥರ್ಮಲ್ ಪ್ಯಾಂಟ್, ಕಾಲಿಗೆ ಉಣ್ಣೆ ಸಾಕ್ಸ್ ಹಾಕಿಸಿ. ಹೊಸ ಹಿಮ ಸೂರ್ಯನ ನೇರಳಾತೀತ ಕಿರಣಗಳಲ್ಲಿ ಶೇ 80ರವರೆಗೆ ವಾಪಸ್ ಎರಚುತ್ತೆ. ಆದ್ದರಿಂದ ಕಪ್ಪು ಕನ್ನಡಕ, ಸನ್‌ಸ್ಕ್ರೀನ್ ಎರಡೂ ಮರೆಯಬೇಡಿ.

ಊಟಕ್ಕೆ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋದರೆ ಜೇಬಿಗೂ ಹಿತ, ಹೊಟ್ಟೆಗೂ ಹಿತ. ಆದರೆ ಊರಿಂದ ಬರುವವರಿಗೆ ತುಪ್ಪ, ಪೇಡ ತರಬೇಡಿ ಅಂತ ಮೊದಲೇ ಹೇಳಿಬಿಡಿ. ಹಾಲಿನ ಪದಾರ್ಥಗಳನ್ನು ಭಾರತದಿಂದ ಸ್ವಿಟ್ಜರ್ಲೆಂಡ್ ಒಳಗೆ ತರುವಂತಿಲ್ಲ.

ಹೊದಿಕೆ ಹೊದ್ದ ಹಿಮ

ಬೇಸಿಗೆಯಲ್ಲಿ ಹೋದರೆ ಹಿಮನದಿಯ ಒಂದಷ್ಟು ಭಾಗಕ್ಕೆ ದೊಡ್ಡ ದೊಡ್ಡ ಬಿಳಿ ಬಟ್ಟೆ ಹೊದಿಸಿರೋದು ಕಾಣುತ್ತೆ. ಗುಹೆಯ ಸುತ್ತಲಿನ ಹಿಮ ಬಿಸಿಲಿಗೆ ಕರಗದಿರಲಿ ಅಂತ ಅದು. ಸ್ವಿಟ್ಜರ್ಲೆಂಡಿನ ಹಿಮನದಿಗಳು 2022 ಮತ್ತು 2023, ಈ ಎರಡೇ ವರ್ಷಗಳಲ್ಲಿ ತಮ್ಮ ಒಟ್ಟು ಗಾತ್ರದ ಶೇ 10ರಷ್ಟನ್ನು ಕಳೆದುಕೊಂಡಿವೆ. ವಿಶ್ವಸಂಸ್ಥೆ 2025ನ್ನು ಹಿಮನದಿ ಸಂರಕ್ಷಣೆಯ ವರ್ಷ ಅಂತ ಸಾರಿದ್ದು ಸುಮ್ಮನೆ ಅಲ್ಲ.

ಆ ಬಟ್ಟೆ ಯಾಕೆ ಅಂತ ಕೇಳಿ ತಿಳಿದುಕೊಂಡ ಅಮ್ಮ, ‘ಜ್ವರ ಬಂದ ಮಗೂಗೆ ಹೊದಿಸಿದಂಗಿದೆ’ ಅಂದರು. ಆಮೇಲೆ ಸುಮಾರು ಹೊತ್ತು ಫೋಟೋಗೆ ನಿಲ್ಲದೆ, ಕೈಗವಸು ತೆಗೆದು, ಬರಿಗೈಯಲ್ಲಿ ಹಿಮ ಮುಟ್ಟಿ ನೋಡ್ತಾ ಇದ್ದರು. ನಿಮ್ಮ ಪ್ಲಾನ್‌ನಲ್ಲೂ ಅಂಥ ಅರ್ಧ ಗಂಟೆಗೆ ಜಾಗ ಬಿಡಿ. ಕೊನೆಯ ಕೇಬಲ್ ಕಾರ್ ಎಷ್ಟು ಹೊತ್ತಿಗೆ ಅಂತ ಮಾತ್ರ ಮೇಲೆ ಹತ್ತಿದ ಕೂಡಲೇ ಬೋರ್ಡ್ ನೋಡಿ ಖಚಿತ ಮಾಡಿಕೊಳ್ಳಿ.