ಊರು ಬದಲಿಸುವಿರಾ? ಕಡೂರು, ತರೀಕೆರೆ, ಅಜ್ಜಂಪುರ ನೋಡಿ ಬನ್ನಿ

ಹೊಸ ಊರಿಗೆ ಹೋಗಿ ನೆಲೆಸುವ ಮಾತು ಬಂದಾಗ ನಮ್ಮ ಮನೆಗಳಲ್ಲಿ ಏನೇನು ಲೆಕ್ಕ ಹಾಕುತ್ತಾರೆ, ನೆನಪಿಸಿಕೊಳ್ಳಿ. ಗಂಡನ ಕೆಲಸ, ಮಕ್ಕಳ ಶಾಲೆ, ಹತ್ತಿರದ ಮಸೀದಿ, ಮದ್ರಸ, ಮನೆ ಬಾಡಿಗೆ, ನಲ್ಲಿ ನೀರು. ಇವೆಲ್ಲ ಬೇಕಾದವುಗಳೇ. ಆದರೆ ಆ ಮನೆಯ ಹೆಣ್ಣುಮಕ್ಕಳು ದಿನಕ್ಕೆ ಅರ್ಧ ಗಂಟೆ ಎಲ್ಲಿ ನಡೆಯಬೇಕು, ಎಲ್ಲಿ ನಿಂತು ಆಕಾಶ ನೋಡಬೇಕು ಎಂಬ ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಹೆಂಗಸರೂ ಬಾಯಿ ಬಿಟ್ಟು ಹೇಳುವುದಿಲ್ಲ. ಅಡುಗೆ ಮನೆಯ ಕಿಟಕಿಯಿಂದ ಕಾಣುವಷ್ಟೇ ಲೋಕ ಎಂದು ಸುಮ್ಮನಾಗುತ್ತಾರೆ. ಮಂಡಿನೋವು, ಸಕ್ಕರೆ ಕಾಯಿಲೆ ಬಂದ ಮೇಲೆ ವೈದ್ಯರು ನಡೆಯಲು ಹೇಳಿದಾಗ ನಡೆಯುವ ಜಾಗ ಹುಡುಕುತ್ತೇವೆ.

ಬಯಲು, ಬೆಟ್ಟ, ಹಕ್ಕಿ, ನೀರು ಇವನ್ನು ಪ್ರೀತಿಸುವ ಸಹೋದರಿಯರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅದೇನೂ ತಪ್ಪು ಆಸೆಯಲ್ಲ. ಆಕಾಶವನ್ನು ಹೇಗೆ ಎತ್ತರಿಸಲಾಗಿದೆ, ಪರ್ವತಗಳನ್ನು ಹೇಗೆ ನಾಟಲಾಗಿದೆ, ಭೂಮಿಯನ್ನು ಹೇಗೆ ಹಾಸಲಾಗಿದೆ ಎಂದು ನೋಡಿ ಚಿಂತಿಸಲು ಪವಿತ್ರ ಕುರ್‌ಆನ್ ಕರೆ ಕೊಡುತ್ತದೆ. ಆ ಕರೆ ಗಂಡಸರಿಗೆ ಮಾತ್ರ ಎಂದು ಎಲ್ಲಿಯೂ ಇಲ್ಲ. ಪ್ರವಾದಿವರ್ಯರು(ಸ) ಪ್ರಯಾಣವೊಂದರಲ್ಲಿ ಹಝ್ರತ್ ಆಯಿಷಾ(ರ)ರೊಂದಿಗೆ ಓಟದ ಪಂದ್ಯ ಕಟ್ಟಿದ್ದು, ಮೊದಲ ಸಲ ಆಯಿಷಾ(ರ)ರೇ ಗೆದ್ದದ್ದು ಹದೀಸ್‌ಗಳಲ್ಲಿ ದಾಖಲಾಗಿದೆ. ಬಯಲಿಗೆ ಹೆಜ್ಜೆ ಇಡುವುದು ನಮ್ಮ ಮನೆತನಕ್ಕೆ ಹೊಸದಲ್ಲ.

ಹಾಗಾದರೆ ಇಂತಹವರು ಊರನ್ನು ಆರಿಸುವುದು ಹೇಗೆ? ಬನ್ನಿ, ಚಿಕ್ಕಮಗಳೂರು ಜಿಲ್ಲೆಯ ಮೂರು ಊರುಗಳನ್ನು ಒಟ್ಟಿಗೆ ಇಟ್ಟು ನೋಡೋಣ.

ದಿನದ ದಾರಿ, ವಾರದ ದಾರಿ, ತಿಂಗಳ ದಾರಿ

ದೂರದ ಬೆಟ್ಟ ಕಣ್ಣಿಗೆ ನುಣ್ಣಗೆ ಎಂಬ ಗಾದೆ ನಿಮಗೆ ಗೊತ್ತಿದೆ. ಊರು ಆರಿಸುವಾಗ ಹೆಚ್ಚಿನವರು ಎಡವುವುದು ಇಲ್ಲಿಯೇ. ರಜೆಯಲ್ಲಿ ಬಂದು ಗಿರಿಯ ಮೇಲೆ ಮಂಜು ಕಂಡು, ಇಲ್ಲೇ ಮನೆ ಮಾಡೋಣ ಎನ್ನುತ್ತಾರೆ. ಆದರೆ ಮನೆ ಮಾಡಿದ ಮೇಲೆ ಗಿರಿಗೆ ಹೋಗುವುದು ವರ್ಷಕ್ಕೆ ಎರಡು ಸಲ. ಉಳಿದ ದಿನಗಳೆಲ್ಲ ಮನೆಯ ಮುಂದಿನ ರಸ್ತೆಯಲ್ಲೇ ಕಳೆಯುತ್ತವೆ.

ಆದ್ದರಿಂದ ಯಾವ ಊರನ್ನಾದರೂ ಮೂರು ದಾರಿಗಳಿಂದ ಅಳೆಯಿರಿ. ಒಂದು, ದಿನದ ದಾರಿ: ಫಜ್ರ್ ನಮಾಝಿನ ನಂತರ ಬೆಳಕು ಹರಿದ ಮೇಲೆ ಅಥವಾ ಅಸರ್ ನಂತರ ಮನೆಯಿಂದ ನಡೆದು ಹೋಗಿ ಬರುವಷ್ಟು ದೂರ. ಎರಡು, ವಾರದ ದಾರಿ: ಮಧ್ಯಾಹ್ನದ ಅಡುಗೆ ಮುಗಿಸಿ ಬಸ್ಸು ಹಿಡಿದು ಮಗ್ರಿಬ್‌ಗೆ ಮನೆ ಸೇರುವಷ್ಟು ದೂರ. ಮೂರು, ತಿಂಗಳ ದಾರಿ: ಬುತ್ತಿ ಕಟ್ಟಿಕೊಂಡು ಮನೆಮಂದಿಯೆಲ್ಲ ಹೊರಡುವ ಇಡೀ ದಿನದ ಪ್ರಯಾಣ. ಮೊದಲನೆಯದಕ್ಕೆ ಹೆಚ್ಚು ಅಂಕ ಕೊಡಿ, ಮೂರನೆಯದಕ್ಕೆ ಕಡಿಮೆ.

ಕಡೂರು: ಬಯಲಿನ ಬಾಗಿಲು

ಕಡೂರು ಮಲೆನಾಡಲ್ಲ. ಚಿಕ್ಕಮಗಳೂರು ಎಂದೊಡನೆ ಕಾಫಿ ತೋಟ, ಜಡಿಮಳೆ ನೆನೆಯುವವರಿಗೆ ಇಲ್ಲಿನ ಒಣ ಹವೆ ಆಶ್ಚರ್ಯ ತರುತ್ತದೆ. ಪಶ್ಚಿಮದ ಬಾಬಾಬುಡನ್ ಗಿರಿ ಸಾಲು ಮುಂಗಾರಿನ ಮೋಡಗಳನ್ನು ತಡೆದು ಅಲ್ಲಿಯೇ ಸುರಿಸಿಕೊಳ್ಳುತ್ತದೆ. ಅದರ ಮಳೆ ನೆರಳಿನಲ್ಲಿ ಕಡೂರು ಬರಗಾಲಕ್ಕೆ ಒಗ್ಗಿದ ತೆಂಗು, ರಾಗಿಯ ನಾಡು. ಇದೇ ಕಾರಣಕ್ಕೆ ಇಲ್ಲಿ ಒಂದು ಲಾಭವೂ ಇದೆ. ಜುಲೈಯಲ್ಲಿ ಮಲೆನಾಡಿನವರು ಕೊಡೆ ಹಿಡಿದು ಮನೆಯೊಳಗೆ ಕುಳಿತಿರುವಾಗ ಕಡೂರಿನವರು ಹೆಚ್ಚಿನ ದಿನ ಹೊರಗೆ ನಡೆಯಬಹುದು. ಜಿಗಣೆಯ ಕಾಟವಿಲ್ಲ. ನೆಲ ಸಮತಟ್ಟು. ಮಂಡಿನೋವಿನವರಿಗೆ ಇದಕ್ಕಿಂತ ಅನುಕೂಲ ಬೇರೆ ಬೇಕೇ?

ಕಡೂರಿನ ನಿಜವಾದ ಸಂಪತ್ತು ಹುಲ್ಲುಗಾವಲು. ತಾಲೂಕಿನ ಬಾಸೂರು ಅಮೃತಮಹಲ್ ಕಾವಲನ್ನು ಕೃಷ್ಣಮೃಗಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವೆಂದು ಸರ್ಕಾರ ಘೋಷಿಸಿತು. ಅದರ ವಿಸ್ತೀರ್ಣ ಸುಮಾರು 7 ಚದರ ಕಿಲೋಮೀಟರ್. ತೋಳವೂ ಇರುವ ಬಯಲು ಅದು. ಚಳಿಗಾಲದಲ್ಲಿ ಉತ್ತರದ ದೂರ ದೇಶಗಳಿಂದ ಬರುವ ಬೇಟೆ ಹಕ್ಕಿಗಳು ಹುಲ್ಲಿನ ಮೇಲೆ ತೇಲಿದಂತೆ ಹಾರುತ್ತವೆ. ನೋಡುವ ಕಣ್ಣಿಲ್ಲದವರು ಇದನ್ನು ಬಂಜರು ಎನ್ನುತ್ತಾರೆ. ಒಳಗೆ ಹೋಗಬೇಕಾದರೆ ಅರಣ್ಯ ಇಲಾಖೆಯವರನ್ನು ಕೇಳಿಯೇ ಹೋಗಬೇಕು.

ವಾರದ ದಾರಿಗೆ ಸಖರಾಯಪಟ್ಟಣದ ಬಳಿಯ ಅಯ್ಯನಕೆರೆ ಇದೆ. ಬೆಟ್ಟದ ಬುಡದಲ್ಲಿ ಕಣ್ಣು ಹರಿಯುವಷ್ಟು ನೀರು, ನಡೆಯಲು ಉದ್ದನೆಯ ಏರಿ. ಎಮ್ಮೆದೊಡ್ಡಿ ಕಡೆಯ ಮದಗದಕೆರೆಯೂ ಇದೇ ತಾಲೂಕಿನದು. ಕೆಂಚಮ್ಮನ ಜನಪದ ಹಾಡಿನಿಂದ ಈ ಕೆರೆಯ ಹೆಸರು ಕನ್ನಡಿಗರ ಮನೆಮನೆಗೂ ಗೊತ್ತು. ಗಿರಿಯಿಂದ ಇಳಿದ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುತ್ತವೆ.

ಓಡಾಟಕ್ಕೆ ಮೂರರಲ್ಲಿ ಕಡೂರೇ ಮುಂದು. ಬೆಂಗಳೂರು-ಹುಬ್ಬಳ್ಳಿ ರೈಲು ಮಾರ್ಗ, ಬೆಂಗಳೂರು-ಹೊನ್ನಾವರ ಹೆದ್ದಾರಿ ಎರಡೂ ಇಲ್ಲಿ ಹಾದುಹೋಗುತ್ತವೆ. ಕಡೂರು-ಚಿಕ್ಕಮಗಳೂರು ರೈಲು 2013ರಲ್ಲಿ ಶುರುವಾಯಿತು. ಜಿಲ್ಲಾ ಆಸ್ಪತ್ರೆ ಇರುವ ಚಿಕ್ಕಮಗಳೂರು ಸುಮಾರು 40 ಕಿ.ಮೀ. ದೂರ. ತೊಂದರೆ ಎಂದರೆ ಬೇಸಿಗೆಯ ನೀರು. ಮನೆ ನೋಡುವಾಗ ಬೋರ್‌ವೆಲ್‌ನಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ನೀರು ಬರುತ್ತದೆಯೇ ಎಂದು ಪಕ್ಕದ ಮನೆಯ ಹೆಂಗಸರನ್ನೇ ಕೇಳಿ. ಮನೆ ಮಾಲೀಕರಿಗಿಂತ ಅವರು ಸರಿಯಾಗಿ ಹೇಳುತ್ತಾರೆ.

ತರೀಕೆರೆ: ಬೆಟ್ಟದ ಹೊಸ್ತಿಲು

ತರೀಕೆರೆ ಏರಿಯ ಮೇಲಿನ ಕರಿ ಕುರಿಮರಿಗಳ ಮಾತನ್ನು ಬೇಗ ಬೇಗ ಹೇಳಲು ಹೋಗಿ ನಾಲಿಗೆ ತೊಡರಿಸಿಕೊಳ್ಳದ ಕನ್ನಡ ಮಕ್ಕಳುಂಟೇ? ಆ ತರೀಕೆರೆ ಬಯಲುಸೀಮೆ ಮುಗಿದು ಮಲೆನಾಡು ಶುರುವಾಗುವ ಹೊಸ್ತಿಲು. ಕಡೂರಿನಿಂದ ಬೀರೂರು ದಾಟಿ ಸುಮಾರು 35 ಕಿ.ಮೀ. ಬಂದರೆ ಸಾಕು, ತೆಂಗಿನ ಜೊತೆ ಅಡಿಕೆ ತೋಟಗಳು ಕಾಣುತ್ತವೆ. ಆಕಾಶದ ಒಂದು ಬದಿಯಲ್ಲಿ ನೀಲಿ ಬೆಟ್ಟದ ಗೋಡೆ ಏಳುತ್ತದೆ.

ಬೆಟ್ಟ ಹತ್ತುವ ಆಸೆ ಇರುವವರಿಗೆ ಮೂರರಲ್ಲಿ ಇದೇ ಮೊದಲನೆಯ ಊರು. ಲಿಂಗದಹಳ್ಳಿ ಮಾರ್ಗವಾಗಿ ಮೇಲೇರಿದರೆ ಕಲ್ಲತ್ತಿಗಿರಿ ಜಲಪಾತ, ಅದರ ಮೇಲೆ ಕೆಮ್ಮಣ್ಣುಗುಂಡಿ. ಸಮುದ್ರ ಮಟ್ಟದಿಂದ 1,434 ಮೀಟರ್ ಎತ್ತರದ ಈ ಗಿರಿಧಾಮ ನಾಲ್ವಡಿ ಕೃಷ್ಣರಾಜ ಒಡೆಯರ ಬೇಸಿಗೆ ತಂಗುದಾಣವಾಗಿತ್ತು. ಇಲ್ಲಿನ ಕೆಂಪು ಮಣ್ಣಿನಲ್ಲಿದ್ದ ಅದಿರು ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ ಹೋಗುತ್ತಿತ್ತು. ಈಗ ತೋಟಗಾರಿಕೆ ಇಲಾಖೆಯ ಗುಲಾಬಿ ತೋಟ, ಝಡ್ ಪಾಯಿಂಟ್‌ಗೆ ಹೋಗುವ ಕಾಲುದಾರಿ ಇವೆ.

ಇದೇ ಗಿರಿ ಸಾಲಿನಲ್ಲಿ ಕರ್ನಾಟಕದ ಅತಿ ಎತ್ತರದ ಶಿಖರ ಮುಳ್ಳಯ್ಯನಗಿರಿಯೂ ಇದೆ. ಹಜ್ಜ್ ಮುಗಿಸಿ ಯಮನ್‌ನ ಮೋಖಾ ಬಂದರಿನ ದಾರಿಯಾಗಿ ಮರಳಿದ ಬಾಬಾ ಬುಡನ್‌ರವರು ಏಳು ಕಾಫಿ ಬೀಜಗಳನ್ನು ತಂದು ಈ ಗಿರಿಯಲ್ಲಿ ಬಿತ್ತಿದರೆಂಬುದು ಪ್ರಸಿದ್ಧ ಐತಿಹ್ಯ. ನಾಡಿಗೆಲ್ಲ ಕಾಫಿಯ ರುಚಿ ಹತ್ತಿಸಿದವರು ಮೊದಲು ನೋಡಿದ್ದು ಮಣ್ಣು ಮತ್ತು ಮಳೆಯನ್ನು ಎಂಬುದು ನೆನಪಿರಲಿ. ಊರು ಆರಿಸುವ ನಮಗೂ ಅದು ಪಾಠ.

ಇನ್ನೊಂದು ಕಡೆ ಲಕ್ಕವಳ್ಳಿ. ಭದ್ರಾ ಜಲಾಶಯವಿರುವುದು ಇಲ್ಲಿಯೇ. ಬೇಸಿಗೆಯಲ್ಲಿ ಹಿನ್ನೀರು ಇಳಿದು ನಡುಗಡ್ಡೆಗಳು ತೆರೆದಾಗ ರಿವರ್ ಟರ್ನ್ ಎಂಬ ಹಕ್ಕಿಗಳು ಗುಂಪು ಗುಂಪಾಗಿ ಬಂದು ಮೊಟ್ಟೆಯಿಡುತ್ತವೆ. ಸುತ್ತಲಿನ ಭದ್ರಾ ಅಭಯಾರಣ್ಯ 1998ರಿಂದ ಹುಲಿ ಮೀಸಲು ಪ್ರದೇಶ. ಈ ಕಾಡಿನೊಳಗಿದ್ದ ಹಳ್ಳಿಗಳ ಹಲವು ಕುಟುಂಬಗಳು 2000ದ ದಶಕದ ಆರಂಭದಲ್ಲಿ ಹೊರಬಂದು ತರೀಕೆರೆ ತಾಲೂಕಿನ ಎಂ.ಸಿ. ಹಳ್ಳಿಯಲ್ಲಿ ನೆಲೆಸಿದವು. ಕಾಡಿನೊಳಗೆ ಬದುಕುವುದು ಬೇರೆ, ಕಾಡಿನ ಹತ್ತಿರ ಬದುಕುವುದು ಬೇರೆ. ಮಗುವಿಗೆ ನಡುರಾತ್ರಿ ಜ್ವರ ಬಂದಾಗ ಈ ವ್ಯತ್ಯಾಸ ತಾಯಿಗೆ ತಿಳಿಯುತ್ತದೆ. ಕಾಡಂಚಿನ ತೋಟದ ಮನೆ ಅಗ್ಗಕ್ಕೆ ಸಿಗುತ್ತದೆಂದು ಆಸೆಪಡಬೇಡಿ. ಆನೆ ಓಡಾಡುವ ಸೀಮೆಯಲ್ಲಿ ಮುಂಜಾನೆಯ ನಡಿಗೆ ಇಲ್ಲವೇ ಇಲ್ಲ. ಮನೆ ಪಟ್ಟಣದಲ್ಲಿರಲಿ, ಕಾಡು ವಾರದ ದಾರಿಯಲ್ಲಿರಲಿ.

ತರೀಕೆರೆಯಲ್ಲಿ ತಾಲೂಕು ಆಸ್ಪತ್ರೆ ಇದೆ. ಭದ್ರಾವತಿಯ ಮೇಲೆ ಸುಮಾರು 40 ಕಿ.ಮೀ. ಹೋದರೆ ಶಿವಮೊಗ್ಗದ ದೊಡ್ಡ ಆಸ್ಪತ್ರೆಗಳು ಸಿಗುತ್ತವೆ. ಬೀರೂರು-ಶಿವಮೊಗ್ಗ ಮಾರ್ಗದ ರೈಲುಗಳೂ ಇವೆ.

ಅಜ್ಜಂಪುರ: ಸದ್ದಿಲ್ಲದ ಊರು

ಅಜ್ಜಂಪುರ ಮೊದಲು ತರೀಕೆರೆ ತಾಲೂಕಿನ ಹೋಬಳಿಯಾಗಿತ್ತು, ಈಗ ಅದೇ ತಾಲೂಕು ಕೇಂದ್ರ. ಬೀರೂರಿನಿಂದ ದಾವಣಗೆರೆ ಕಡೆಗೆ ಹೋಗುವ ರೈಲು ಇಲ್ಲಿ ಹಾದುಹೋಗುತ್ತದೆ. ಪ್ರವಾಸಿಗರು ಈ ಊರಿಗೆ ಬರುವುದಿಲ್ಲ. ಈರುಳ್ಳಿ, ಆಲೂಗೆಡ್ಡೆ ಬೆಳೆಯುವ ರೈತರ ಊರು. ಸಂತೆಯ ದಿನ ಬಿಟ್ಟರೆ ರಸ್ತೆಗಳಲ್ಲಿ ಗದ್ದಲ ಕಡಿಮೆ.

ಈ ಊರಿನ ಹೆಸರು ಅಮೃತಮಹಲ್ ದನಗಳೊಂದಿಗೆ ಸೇರಿಕೊಂಡಿದೆ. ಮೈಸೂರು ಅರಸರ ಬೆಣ್ಣೆ ಚಾವಡಿಯನ್ನು ಹೈದರ್ ಅಲಿ ಸೈನ್ಯದ ಕೆಲಸಕ್ಕೆ ಬೆಳೆಸಿದರು. ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟವರು ಟಿಪ್ಪು ಸುಲ್ತಾನ್. ಫಿರಂಗಿ ಎಳೆಯುತ್ತಿದ್ದ ಆ ಎತ್ತುಗಳ ತಳಿ ಈಗಲೂ ಅಜ್ಜಂಪುರದ ಸರ್ಕಾರಿ ತಳಿ ಸಂವರ್ಧನಾ ಕೇಂದ್ರದಲ್ಲಿ ಉಳಿದಿದೆ. ಹಿಂದಕ್ಕೆ ಬಾಗಿದ ಚೂಪು ಕೊಂಬು, ಬೂದು ಮೈ. ಸಿಟ್ಟಿನ ದನಗಳಾದ್ದರಿಂದ ಮಕ್ಕಳನ್ನು ಹತ್ತಿರ ಬಿಡಬೇಡಿ. ಅವುಗಳಿಗಾಗಿ ಉಳಿಸಿದ ಕಾವಲುಗಳಿಂದಲೇ ಈ ಸೀಮೆಯಲ್ಲಿ ಇಷ್ಟು ಬಯಲು ಉಳಿದಿದೆ. ಅರಸರ ದನಗಳಿಗೆ ಬಿಟ್ಟ ಹುಲ್ಲು ಇಂದು ಜಿಂಕೆಗೂ ಹಕ್ಕಿಗೂ ಆಸರೆ!

ಇಲ್ಲಿ ದಿನದ ದಾರಿಗೆ ಕೊರತೆ ಇಲ್ಲ. ಹೊಲಗಳ ನಡುವಿನ ಗಾಡಿದಾರಿ, ಗಾಳಿ, ತೆರೆದ ಆಕಾಶ. ರಾತ್ರಿ ಅಂಗಳದಲ್ಲಿ ನಿಂತರೆ ನಕ್ಷತ್ರಗಳು ಕಾಣುತ್ತವೆ. ಆದರೆ ಹೆಚ್ಚಿನ ಓದಿಗೆ, ದೊಡ್ಡ ಆಸ್ಪತ್ರೆಗೆ ಬೇರೆ ಊರಿಗೆ ಹೋಗಬೇಕು. ಬೆಳೆದ ಹೆಣ್ಣುಮಕ್ಕಳಿರುವ ಮನೆಯವರು, ಕಾಲೇಜಿಗೆ ಯಾವ ಬಸ್ಸು, ಎಷ್ಟು ಗಂಟೆಗೆ ವಾಪಸು ಎಂದು ಮೊದಲೇ ವಿಚಾರಿಸಬೇಕು.

ಹೊರಡುವ ಮೊದಲು

ಈಗ ನಿಮ್ಮ ಸರದಿ. ಮನೆ ಕೊಳ್ಳುವ ಮೊದಲು ಒಂದು ವರ್ಷ ಬಾಡಿಗೆಗೆ ಇದ್ದು ನೋಡಿ. ಅದಾಗದಿದ್ದರೆ ಮೇ ತಿಂಗಳಲ್ಲೊಮ್ಮೆ, ಜುಲೈಯಲ್ಲೊಮ್ಮೆ ಹೋಗಿ ಬನ್ನಿ. ಡಿಸೆಂಬರ್‌ನಲ್ಲಿ ಎಲ್ಲ ಊರೂ ಚಂದ. ಬೆಳಿಗ್ಗೆ ಆ ರಸ್ತೆಯಲ್ಲಿ ಹೆಂಗಸರು ನಡೆಯುತ್ತಾರೆಯೇ, ನೋಡಿ. ನಾಲ್ಕು ಮಂದಿ ನಡೆಯುತ್ತಿದ್ದರೆ ಐದನೆಯವರಾಗುವುದು ಸುಲಭ. ಯಾರೂ ಇಲ್ಲದಿದ್ದರೆ ನೆರೆಯ ಇಬ್ಬರು ಸಹೋದರಿಯರನ್ನು ಜೊತೆ ಮಾಡಿಕೊಳ್ಳಿ. ಬೀದಿ ನಾಯಿಗಳಿವೆಯೇ, ದೀಪ ಉರಿಯುತ್ತದೆಯೇ ಎಂಬುದನ್ನೂ ಗಮನಿಸಿ.

ಬಸ್ಸಿನ ಖರ್ಚಿನ ಚಿಂತೆ ಈಗ ಅಷ್ಟಿಲ್ಲ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಲ್ಲಿ ಕರ್ನಾಟಕದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಖಾಸಗಿ ಬಸ್ಸಿಗೆ ಇದು ಅನ್ವಯಿಸುವುದಿಲ್ಲ. ಗಿರಿಗೆ ಹೋಗುವ ಬಸ್ಸುಗಳು ಕಡಿಮೆ, ಆದ್ದರಿಂದ ಮರಳುವ ವೇಳೆ ಕೇಳಿಯೇ ಹತ್ತಿ.

ಕಾಡಿನ ಕಡೆ ಹೋಗುವಾಗ ಮೈಮುಚ್ಚುವ ಉಡುಪು ನಮಗೆ ಹೇಗೂ ರೂಢಿ. ಅದು ಉಣ್ಣೆಯಿಂದಲೂ ಕಾಪಾಡುತ್ತದೆ. ಉಣ್ಣೆ ಎಂದರೆ ಮಂಗನ ಕಾಯಿಲೆ ಹರಡುವ ಸಣ್ಣ ಹುಳ. ಈ ಕಾಯಿಲೆ ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಮಲೆನಾಡಿನಲ್ಲಿ ಚಳಿಗಾಲದಿಂದ ಬೇಸಿಗೆಯವರೆಗೆ ಕಾಣಿಸಿಕೊಳ್ಳುತ್ತದೆ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಕಾಡಿನಿಂದ ಬಂದ ಮೇಲೆ ಬಿಸಿನೀರಿನ ಸ್ನಾನ ಮಾಡಿ, ಬಟ್ಟೆಯನ್ನೂ ಬಿಸಿನೀರಿನಲ್ಲಿ ಒಗೆಯಿರಿ. ನಮಾಝಿನ ವೇಳೆಯಾದರೆ ಚಿಂತಿಸಬೇಡಿ. ಶುದ್ಧವಾದ ಭೂಮಿಯೆಲ್ಲ ನಮಗೆ ಮಸೀದಿ. ವುಝೂ ಮಾಡಲು ಒಂದು ಬಾಟಲಿ ನೀರು, ಹಾಸಲು ಒಂದು ಬಟ್ಟೆ ಚೀಲದಲ್ಲಿರಲಿ. ಹಿಂತಿರುಗುವಾಗ ಪ್ಲಾಸ್ಟಿಕ್ ಅಲ್ಲಿ ಬಿಟ್ಟು ಬರಬೇಡಿ.

ಯಾವ ಊರು ನಿಮಗೆ ಒಪ್ಪುತ್ತದೆ? ಮಕ್ಕಳ ಓದು, ಗಂಡನ ಓಡಾಟ ಮುಖ್ಯವಾಗಿದ್ದು ಸಮತಟ್ಟಾದ ಬಯಲು ಇಷ್ಟವಾದರೆ ಕಡೂರು. ಬೆಟ್ಟ, ನೀರು, ಹಸಿರು ಬೇಕೇ ಬೇಕೆಂದರೆ ತರೀಕೆರೆ. ಜವಾಬ್ದಾರಿಗಳು ಮುಗಿದು, ಸದ್ದಿಲ್ಲದ ಬದುಕು ಸಾಕೆಂದರೆ ಅಜ್ಜಂಪುರ. ಕಡೂರು, ತರೀಕೆರೆ, ಅಜ್ಜಂಪುರ ಒಂದಕ್ಕೊಂದು ಒಂದೆರಡು ಗಂಟೆಗಳ ದಾರಿಯಲ್ಲೇ ಇವೆ. ಒಂದರಲ್ಲಿ ಮನೆ ಮಾಡಿದರೆ ಉಳಿದೆರಡು ನಿಮ್ಮ ವಾರದ ದಾರಿಯಾಗುತ್ತವೆ.

ಗಂಡಸರಿಗೂ ಒಂದು ಮಾತು. ಮುಂದಿನ ಸಲ ಹೊಸ ಊರಿನಲ್ಲಿ ಮನೆ ನೋಡಲು ಹೊರಟಾಗ ಮಡದಿಯನ್ನೂ ಕರೆದುಕೊಂಡು ಹೋಗಿ. ಕೋಣೆಗಳನ್ನು ಎಣಿಸಿದ ಮೇಲೆ, ನೀನು ಇಲ್ಲಿ ಎಲ್ಲಿ ನಡೆಯುತ್ತೀ ಎಂದು ಕೇಳಿ. ಆ ಮನೆಯಲ್ಲಿ ದಿನದ ಹೆಚ್ಚು ಹೊತ್ತು ಇರುವವಳು ಅವಳೇ ಅಲ್ಲವೇ? ಅಲ್ಲಾಹನು ಹಾಸಿದ ಈ ವಿಶಾಲ ಭೂಮಿಯಲ್ಲಿ ಅವಳಿಗೂ ಒಂದು ದಾರಿ ಇರಲಿ.