ಕಾವಲಿನ ಹುಲ್ಲು, ಕಾವೇರಿಯ ದ್ವೀಪ

ನಮ್ಮ ಯಗಟಿಯಲ್ಲಿ ನೀರನ್ನು ಯಾರೂ ಸುಮ್ಮನೆ ನೋಡುವುದಿಲ್ಲ. ಕೆರೆ ಕಂಡರೆ ಎಷ್ಟು ನಿಂತಿದೆ ಎಂದು ಕಣ್ಣಲ್ಲೇ ಅಳೆಯುತ್ತೇವೆ. ಮೋಡ ಕಂಡರೆ ಯಾವ ದಿಕ್ಕಿಗೆ ಹೊರಟಿದೆ ಎಂದು ಲೆಕ್ಕ ಹಾಕುತ್ತೇವೆ. ಚಿಕ್ಕಮಗಳೂರು ಜಿಲ್ಲೆ ಎಂದೊಡನೆ ಹೊರಗಿನವರಿಗೆ ಕಾಫಿ ತೋಟ, ಮಂಜು, ಜಲಪಾತ ನೆನಪಾಗುತ್ತವೆ. ಕಡೂರು ತಾಲ್ಲೂಕಿನ ನಮ್ಮ ಹೋಬಳಿ ಅದಲ್ಲ. ಇದು ರಾಗಿ, ತೆಂಗು, ಕೊಳವೆಬಾವಿಯ ಬಯಲುಸೀಮೆ. ಬಾಬಾಬುಡನ್ ಗಿರಿಯ ಮಳೆ ಬಹಳಷ್ಟು ಸಲ ಗಿರಿಯಲ್ಲೇ ಮುಗಿದುಹೋಗುತ್ತದೆ.

ಅಪ್ಪ ಎಪ್ಪತ್ತು ದಾಟಿದವನು. ಒಂದು ರಾತ್ರಿಯೂ ಹೋಟೆಲಿನಲ್ಲಿ ಮಲಗಿದವನಲ್ಲ. ಮದುವೆ, ಜಾತ್ರೆ, ಆಸ್ಪತ್ರೆ ಬಿಟ್ಟರೆ ಅವ್ವ ಮನೆ ಬಿಟ್ಟು ಬೇರೆ ಕಡೆ ಉಳಿದದ್ದಿಲ್ಲ. ಈ ಸಲ ಸಂಕ್ರಾಂತಿ ಕಳೆದು, ಕಣದ ಕೆಲಸ ಮುಗಿದು, ರಾಗಿ ಮನೆ ಸೇರಿದ ಮೇಲೆ ನಾನು ಹಟ ಹಿಡಿದೆ. ಎರಡು ರಾತ್ರಿ, ಹೊಳೆಯ ದಂಡೆಯ ಒಳ್ಳೆಯ ಹೋಟೆಲಿನಲ್ಲಿ, ಮೂವರೂ ಯಾವ ಕೆಲಸವನ್ನೂ ಮುಟ್ಟದೆ ಇರಬೇಕು. ಅಪ್ಪ ಒಪ್ಪಲು ಮೂರು ದಿನ ಬೇಕಾಯಿತು. ಕೊಟ್ಟಿಗೆ ನೋಡಿಕೊಳ್ಳುತ್ತೇನೆಂದು ಚಿಕ್ಕಪ್ಪ ಮಾತು ಕೊಟ್ಟ ಮೇಲೆಯೇ ಅವನು ಹೆಗಲಿಗೆ ಟವೆಲ್ ಹಾಕಿದ್ದು.

ಹೊರಟದ್ದು ಶ್ರೀರಂಗಪಟ್ಟಣಕ್ಕೆ. ದ್ವೀಪ ಎಂದರೆ ಸಮುದ್ರದ ನಡುವೆಯೇ ಇರಬೇಕೆಂದಿಲ್ಲ. ಕಾವೇರಿ ಎರಡು ಕವಲಾಗಿ ತಬ್ಬಿಕೊಂಡಿರುವ ಈ ನೆಲ 1610ರಲ್ಲಿ ರಾಜ ಒಡೆಯರ ಕೈಸೇರಿತು. ಅಂದಿನಿಂದ 1799ರವರೆಗೆ ಮೈಸೂರು ರಾಜ್ಯದ ರಾಜಧಾನಿ ಇದೇ. ಬಾಣಾವರ, ಅರಸೀಕೆರೆ, ಚನ್ನರಾಯಪಟ್ಟಣ, ಕಿಕ್ಕೇರಿ, ಕೃಷ್ಣರಾಜಪೇಟೆ. ಊರು ದಾಟುತ್ತಿದ್ದಂತೆ ತೆಂಗಿನ ಬಣ್ಣ ಗಾಢವಾಗುತ್ತ ಹೋಯಿತು. ಪಾಂಡವಪುರದ ಹತ್ತಿರ ನಾಲೆ, ಅದರ ಎರಡೂ ಕಡೆ ಕಬ್ಬು, ಗದ್ದೆ. ಅಪ್ಪ ಕಾರಿನ ಗಾಜು ಇಳಿಸಿ ಹೊರಗೆ ಕೈ ಚಾಚಿದ. ಅಲ್ಲಿಯ ಗಾಳಿಯಲ್ಲಿ ತೇವವಿತ್ತು.

ಉಳಿದುಕೊಂಡದ್ದು ಕರ್ನಾಟಕ ರಾಜ್ಯ ಪ್ರವಾಸೋದ್ಯಮ ಅಭಿವೃದ್ಧಿ ನಿಗಮದ ಮಯೂರ ರಿವರ್ ವ್ಯೂನಲ್ಲಿ. ಕಾವೇರಿಯ ದಂಡೆಯ ಮೇಲೆಯೇ ಕಾಟೇಜುಗಳಿವೆ. ಕೋಣೆಯೊಳಗೆ ಕಾಲಿಡುವಾಗ ಅಪ್ಪ ಚಪ್ಪಲಿ ಹೊರಗೆ ಬಿಟ್ಟ. ಮಡಿಸಿಟ್ಟ ಬಿಳಿ ಹಾಸಿಗೆಯ ಮೇಲೆ ಕೂರಲು ಅವ್ವ ಹಿಂಜರಿದಳು. “ಕೊಳೆ ಆಗ್ತೈತೆ ಕಣೆ” ಎಂದಳು. ಸ್ವಲ್ಪ ಹೊತ್ತಿಗೆ ಇಬ್ಬರೂ ಹೊರಗೆ ಬಂದು ಹೊಳೆಯ ಕಡೆ ಮುಖ ಮಾಡಿ ಕುರ್ಚಿಯಲ್ಲಿ ಕೂತರು. ನೀರು ಬಂಡೆಗಳ ನಡುವೆ ಸದ್ದು ಮಾಡುತ್ತ ಹರಿಯುತ್ತಿತ್ತು. ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಇಷ್ಟು ನೀರು ಹಗಲು ರಾತ್ರಿ ಹಿಂಗೇ ಹರೀತೈತೇನು?” ಎಂದು ಕೇಳಿದ.

ಅವನ ಪ್ರಶ್ನೆಗೆ ಅವ್ವನ ಕಡೆಗೆ ತಿರುಗಿ ಉತ್ತರ ಹೇಳಿದೆ. ಇದರಲ್ಲಿ ನಮ್ಮ ಜಿಲ್ಲೆಯ ನೀರೂ ಇದೆ. ಮೂಡಿಗೆರೆ ತಾಲ್ಲೂಕಿನ ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ ಕನ್ನಂಬಾಡಿ ಕಟ್ಟೆಯ ಹಿನ್ನೀರಿನಲ್ಲಿ ಕಾವೇರಿಯನ್ನು ಸೇರಿ ಇಲ್ಲಿಗೆ ಬರುತ್ತದೆ. ಕಡೂರಿನ ಬಳಿ ವೇದಾ, ಅವತಿ ಕೂಡಿ ಆಗುವ ನಮ್ಮ ವೇದಾವತಿ ಮಾತ್ರ ಈ ದಿಕ್ಕಿಗೆ ಬರುವುದಿಲ್ಲ. ಅದು ಹಿರಿಯೂರಿನ ವಾಣಿವಿಲಾಸ ಸಾಗರದ ಕಡೆ ಹೋಗುತ್ತದೆ. ಒಂದೇ ಜಿಲ್ಲೆಯ ಎರಡು ಹೊಳೆಗಳು ಬೇರೆ ಬೇರೆ ಮನೆಗೆ ಸೊಸೆಯಾಗಿ ಹೋದಂತೆ ಎಂದಳು ಅವ್ವ. ನನಗೆ ಹೊಳೆಯದೆ ಇದ್ದ ಮಾತು ಅದು.

ರಾತ್ರಿ ಊಟಕ್ಕೆ ಕೂತಾಗ ಅಪ್ಪ ಮುದ್ದೆ ಸಿಗುತ್ತದೆಯೇ ಎಂದು ಮೆಲ್ಲಗೆ ವಿಚಾರಿಸಿದ. ಬಡಿಸುವವನು ಮಂಡ್ಯ ಸೀಮೆಯ ಹುಡುಗ. “ಯಾವೂರು ಯಜಮಾನ್ರೆ?” ಎಂದ. “ಕಡೂರತ್ರ ಯಗಟಿ.” “ಹಂಗಾದ್ರೆ ಮುದ್ದೆ ಇಲ್ದೆ ಹೆಂಗೆ?” ಎಂದು ಒಳಗೆ ಹೋದವನು ಬಿಸಿ ಮುದ್ದೆ, ಉಪ್ಸಾರು ತಂದಿಟ್ಟ. ಅಪ್ಪನ ಮೈಯ ಬಿಗಿ ಸಡಿಲವಾದದ್ದು ಆಗ.

ಬೆಳಗಿನ ಜಾವ ನಾಲ್ಕೂವರೆಗೆ ಎಚ್ಚರವಾಯಿತು. ಅಪ್ಪನ ಮಂಚ ಖಾಲಿ. ಹೊರಗೆ ಬಂದರೆ ಹುಲ್ಲಿನ ಮೇಲೆ ಟವೆಲ್ ಹಾಸಿ ಕೂತಿದ್ದ. ಐವತ್ತು ವರ್ಷಗಳಿಂದ ಆ ಹೊತ್ತಿಗೆ ಅವನು ಕೊಟ್ಟಿಗೆಯಲ್ಲಿರುತ್ತಾನೆ. ಪಕ್ಕದಲ್ಲಿ ಕೂತೆ. ಬೆಳಕು ಹರಿದಂತೆ ಹೊಳೆ ಮೊದಲು ಬೂದು, ಆಮೇಲೆ ಹಿತ್ತಾಳೆಯ ಬಣ್ಣಕ್ಕೆ ತಿರುಗಿತು. ಬೆಳ್ಳಕ್ಕಿಗಳ ಸಾಲು ಪಶ್ಚಿಮಕ್ಕೆ ಹಾರಿತು. ಕಾಫಿ ತಾನಾಗಿ ಕೈಗೆ ಬಂತು. ಯಾರೋ ಕಾಸಿ, ಯಾರೋ ತಂದುಕೊಟ್ಟ ಕಾಫಿಯನ್ನು ಅವ್ವ ಎರಡೂ ಕೈಯಲ್ಲಿ ಹಿಡಿದು ಸಾವಕಾಶ ಕುಡಿದಳು. ಸುಖವಾಸ ಎಂಬ ಮಾತಿನ ಅರ್ಥ ನನಗೆ ಆ ಬೆಳಿಗ್ಗೆ ಅವಳ ಮುಖದಲ್ಲಿ ಕಂಡಿತು.

ಮೊದಲು ರಂಗನಾಥನ ದರ್ಶನ. 894ರಲ್ಲಿ ಗಂಗರ ಸಾಮಂತ ತಿರುಮಲಯ್ಯ ಕಟ್ಟಿಸಿದನೆನ್ನುವ ಗುಡಿ ಹೊಯ್ಸಳರು, ವಿಜಯನಗರದವರು, ಮೈಸೂರಿನವರ ಕೈಯಲ್ಲಿ ಬೆಳೆಯುತ್ತ ಬಂದಿದೆ. ಕಾವೇರಿಯ ಮೂರು ದ್ವೀಪಗಳಲ್ಲಿ ರಂಗನಾಥ ಮಲಗಿದ್ದಾನೆ. ಇಲ್ಲಿ ಆದಿರಂಗ, ಶಿವನಸಮುದ್ರದಲ್ಲಿ ಮಧ್ಯರಂಗ, ತಮಿಳುನಾಡಿನ ಶ್ರೀರಂಗದಲ್ಲಿ ಅಂತ್ಯರಂಗ. ಗರ್ಭಗುಡಿಯ ಕತ್ತಲಲ್ಲಿ ಆ ದೊಡ್ಡ ಮೂರ್ತಿ ಕಣ್ಣಿಗೆ ನಿಲುಕಲು ಸ್ವಲ್ಪ ಹೊತ್ತು ಬೇಕು. ದೀಪ ಎತ್ತಿದಾಗ ಅವ್ವ ಕೈ ಮುಗಿದು ನಿಂತೇ ಇದ್ದಳು.

ಗುಡಿಯಿಂದ ಹೊರಗೆ ಬಂದು ಅವ್ವ ಎಲೆ ಅಡಿಕೆ ಸಂಚಿ ಬಿಚ್ಚಿದಳು. ಆಗ ಹೊನ್ನಮ್ಮನ ಕಥೆ ಹೇಳಿದೆ. ಇದೇ ಊರಿನಿಂದ ರಾಜ್ಯವಾಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆ ಅಡಿಕೆಯ ಸಂಚಿ ಹಿಡಿಯುವ ಊಳಿಗದವಳಾಗಿದ್ದ ಯಳಂದೂರಿನ ಹೆಣ್ಣುಮಗಳು, ಸಂಚಿಯ ಹೊನ್ನಮ್ಮ. ಅವಳೇ ‘ಹದಿಬದೆಯ ಧರ್ಮ’ ಬರೆದವಳು. “ಸಂಚಿ ಹಿಡ್ಕೊಂಡು ಪುಸ್ತಕ ಬರದ್ಲಾ?” ಎಂದು ಅವ್ವ ತನ್ನ ಸಂಚಿಯನ್ನು ಒಮ್ಮೆ ತಿರುಗಿಸಿ ನೋಡಿಕೊಂಡಳು.

ಮಧ್ಯಾಹ್ನ ದರಿಯಾ ದೌಲತ್. 1784ರಲ್ಲಿ ಟಿಪ್ಪು ಸುಲ್ತಾನ್ ತೋಟದ ನಡುವೆ ಕಟ್ಟಿಸಿದ ಬೇಸಿಗೆ ಅರಮನೆ. ಈ ದ್ವೀಪದ ನಿಜವಾದ ಸುಖವಾಸದ ಮನೆ ಇದೇ ಇರಬೇಕು. ತೇಗದ ಕಂಬಗಳು, ಕೆತ್ತನೆಯ ಕಮಾನುಗಳು, ಬಿಸಿಲು ಬೀಳದಂತೆ ಸುತ್ತಲೂ ಇಳಿಬಿಟ್ಟ ತಟ್ಟಿಗಳು. ಒಳಗೆ ಅಂಗೈಯಗಲವೂ ಜಾಗ ಬಿಡದೆ ಬಳ್ಳಿ, ಹೂವು, ಮನುಷ್ಯರ ಚಿತ್ರ. ಪಡುವಣ ಗೋಡೆಯ ತುಂಬ 1780ರ ಪೊಲ್ಲಿಲೂರು ಯುದ್ಧ. ಗಾಯಗೊಂಡ ಕರ್ನಲ್ ಬೈಲಿ ಪಲ್ಲಕ್ಕಿಯಲ್ಲಿ ಕೂತಿದ್ದಾನೆ, ಕೆಂಪು ಅಂಗಿಯ ಸಿಪಾಯಿಗಳು ಚೌಕ ಕಟ್ಟಿದ್ದಾರೆ, ನಡುವೆ ಮದ್ದಿನ ಬಂಡಿ ಸಿಡಿದು ಬೆಂಕಿ ಎದ್ದಿದೆ. ಎಲ್ಲರೂ ಕುದುರೆ, ಆನೆ, ಸುಲ್ತಾನರನ್ನು ತೋರಿಸುತ್ತಿದ್ದರು. ಅಪ್ಪ ಗೋಡೆಯ ಈ ತುದಿಯಿಂದ ಆ ತುದಿಗೆ ಎರಡು ಸಲ ನಡೆದು ನನ್ನ ಹತ್ತಿರ ಬಂದ. “ಈ ಫಿರಂಗಿ, ಮದ್ದಿನ ಬಂಡಿ ಅಲ್ಲೀಗಂಟ ಎಳ್ಕೊಂಡು ಹೋಗಿದ್ದು ಯಾವುದು?”

ಅದಕ್ಕೆ ಉತ್ತರ ನಮ್ಮ ಸೀಮೆಯಲ್ಲೇ ಇದೆ. ಚಿಕ್ಕದೇವರಾಜ ಒಡೆಯರು ಅರಮನೆಗೆ ಹಾಲು, ಬೆಣ್ಣೆ ಒದಗಿಸಲು ದನಗಳ ದೊಡ್ಡ ಹಿಂಡುಗಳನ್ನು ಕಟ್ಟಿ ‘ಬೆಣ್ಣೆ ಚಾವಡಿ’ ಎಂಬ ಇಲಾಖೆ ನಡೆಸಿದರು. ರಾಜ್ಯದ ಉದ್ದಗಲಕ್ಕೆ ಹುಲ್ಲುಗಾವಲುಗಳನ್ನು ಅದಕ್ಕೆ ಬಿಟ್ಟುಕೊಟ್ಟರು. ಅವೇ ಕಾವಲುಗಳು. ಮಳೆಗಾಲಕ್ಕೆ ಒಂದು, ಚಳಿಗಾಲಕ್ಕೆ ಒಂದು, ಬೇಸಿಗೆಗೆ ಒಂದು, ಹೀಗೆ ಹಿಂಡು ಕಾಲ ನೋಡಿ ಕಾವಲು ಬದಲಿಸುತ್ತಿತ್ತು. ಹೈದರ್ ಅಲಿ ಆ ಎತ್ತುಗಳ ಓಟ ಕಂಡು ಫಿರಂಗಿ ಎಳೆಯಲು, ದಂಡಿನ ಸಾಮಾನು ಹೊರಲು ಬಳಸಿಕೊಂಡ. ಟಿಪ್ಪು ಇಲಾಖೆಗೆ ‘ಅಮೃತ ಮಹಲ್’ ಎಂದು ಹೆಸರಿಟ್ಟ. 1799ರ ನಂತರ ಹಿಂಡುಗಳು ಇಂಗ್ಲಿಷರ ಕೈಗೆ ಹೋದವು. ಆರ್ಥರ್ ವೆಲ್ಲೆಸ್ಲಿ ತನ್ನ ದಂಡಯಾತ್ರೆಗಳಿಗೂ ಇವೇ ಎತ್ತುಗಳನ್ನು ಹೂಡಿದ. ಬೂದು ಮೈ, ಹಿಂದಕ್ಕೆ ಬಾಗಿದ ಉದ್ದನೆಯ ಚೂಪು ಕೊಂಬು, ಸಣ್ಣ ಕಾಲು, ಬಿರುಸು ನಡಿಗೆ. ಆ ತಳಿಯ ಸಂವರ್ಧನಾ ಕೇಂದ್ರ ಇಂದಿಗೂ ನಮ್ಮ ಅಜ್ಜಂಪುರದಲ್ಲಿದೆ. ಕಡೂರು ತಾಲ್ಲೂಕಿನ ಬಾಸೂರು ಅಮೃತ ಮಹಲ್ ಕಾವಲು ಈಗ ಕೃಷ್ಣಮೃಗಗಳ ಸಂರಕ್ಷಿತ ಪ್ರದೇಶ.

ಕೇಳುತ್ತ ಕೇಳುತ್ತ ಅಪ್ಪನ ಬೆನ್ನು ನೆಟ್ಟಗಾಯಿತು. ಅರಮನೆಯ ಒಳಗೆ ನೆಂಟನ ಮನೆಗೆ ಬಂದವನ ಹಾಗೆ ಮತ್ತೊಂದು ಸುತ್ತು ಹಾಕಿದ. ಅಲ್ಲಿಯತನಕ ನಾವು ಮೂವರೂ ಈ ದ್ವೀಪದಲ್ಲಿ ಬೇರೆಯವರ ವೈಭವವನ್ನು ಅಂಚಿನಿಂದ ನೋಡುತ್ತಿದ್ದೆವು. ಈ ಊರಿನ ಬೆಣ್ಣೆ, ಈ ಊರಿನ ಫಿರಂಗಿ, ಈ ಊರಿನ ಗೆಲುವು ನಿಂತದ್ದು ನಮ್ಮಂಥ ಒಣಸೀಮೆಗಳ ಹುಲ್ಲಿನ ಮೇಲೆ. ಆ ಹುಲ್ಲನ್ನು ಕಾದವರು, ಆ ಕರುಗಳನ್ನು ಸಾಕಿದವರು ಯಾವ ಗೋಡೆಯ ಚಿತ್ರದಲ್ಲೂ ಇಲ್ಲ. ಇತಿಹಾಸ ಓದಿದ ನನಗಿಂತ ಮೊದಲು ಎತ್ತು ಕಟ್ಟಿದ ಅಪ್ಪನಿಗೆ ಅದು ಕಾಣೆಯಾದದ್ದು ಕಂಡಿತು.

ಸಂಜೆ ಕೋಟೆಯ ವಾಯವ್ಯ ಮೂಲೆಗೆ ಹೋದೆವು. 1799ರ ಮೇ 4ರಂದು ಜನರಲ್ ಹ್ಯಾರಿಸನ ದಂಡು ಗೋಡೆ ಒಡೆದು ನುಗ್ಗಿದ ಜಾಗ. ಕೆಳಗೆ ಹೊಳೆ, ಬಂಡೆ, ನಡುನಡುವೆ ತೆಳ್ಳನೆಯ ನೀರು. ಮಳೆಗಾಲದಲ್ಲಿ ಈ ಹೊಳೆಯೇ ಕೋಟೆಗೆ ದೊಡ್ಡ ಕಂದಕ. ಮೇ ತಿಂಗಳಲ್ಲಿ ಅದು ದಾಟುವ ಹಾಗೆ ಇಳಿದಿತ್ತು. ಮುಂಗಾರು ಬಂದರೆ ದಾಟಲಾಗದೆಂದು ಇಂಗ್ಲಿಷರು ಅವಸರಪಟ್ಟರು. ಅಪ್ಪ ಹೊಳೆಯನ್ನೇ ನೋಡುತ್ತ, “ಮಳೆ ಒಂದು ತಿಂಗಳು ಮೊದಲೇ ಬಂದಿದ್ರೆ...” ಎಂದು ನಿಲ್ಲಿಸಿದ. ಆ ಮಾತನ್ನು ನಮ್ಮೂರಿನಲ್ಲಿ ಪ್ರತಿ ವರ್ಷ ಕೇಳಿದ್ದೇನೆ. ಒಂದು ರಾಜ್ಯದ ವಿಷಯದಲ್ಲಿ ಕೇಳಿದ್ದು ಮೊದಲ ಸಲ. ಅಲ್ಲಿಂದ ಸ್ವಲ್ಪ ದೂರದಲ್ಲಿ ಟಿಪ್ಪುವಿನ ದೇಹ ಸಿಕ್ಕ ಜಾಗದಲ್ಲಿ ಕಲ್ಲೊಂದಿದೆ. ಮೂವರೂ ಸುಮ್ಮನೆ ನಿಂತು ಬಂದೆವು.

ದ್ವೀಪದ ಪೂರ್ವದಲ್ಲಿದ್ದ ಲಾಲ್‌ಬಾಗ್ ಅರಮನೆ ಈಗ ಇಲ್ಲ. ಅದರ ತೊಲೆಗಳನ್ನು ಊಟಿಗೆ ಸಾಗಿಸಿ ಸೇಂಟ್ ಸ್ಟೀಫನ್ಸ್ ಚರ್ಚಿಗೆ ಬಳಸಿದರು. ಹೈದರ್, ಟಿಪ್ಪು ಮಲಗಿರುವ ಗುಂಬಜ್, ಅದರ ಕರಿಕಲ್ಲಿನ ನುಣ್ಣನೆಯ ಕಂಬಗಳು ಉಳಿದಿವೆ. ಉತ್ತರದ ಕವಲಿನ ಮೇಲೆ ದಿವಾನ್ ಪೂರ್ಣಯ್ಯನವರು ಕಟ್ಟಿಸಿದ, 1804ರ ವೆಲ್ಲೆಸ್ಲಿ ಸೇತುವೆಯ ಕಲ್ಲುಕಂಬಗಳೂ ನಿಂತಿವೆ.

ಮರುದಿನ ಬೆಳಿಗ್ಗೆ ರಂಗನತಿಟ್ಟು. 1640ರ ದಶಕದಲ್ಲಿ ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ ಹೊಳೆಗೆ ಅಡ್ಡಲಾಗಿ ಕಟ್ಟಿದ ಒಡ್ಡಿನಿಂದ ಮೂಡಿದ ತಿಟ್ಟುಗಳು ಇವು. ಹಕ್ಕಿ ತಜ್ಞ ಸಲೀಂ ಅಲಿಯವರ ಮಾತಿನ ಮೇಲೆ 1940ರಲ್ಲಿ ಮೈಸೂರು ಸರ್ಕಾರ ಪಕ್ಷಿಧಾಮ ಮಾಡಿತು. ಕರ್ನಾಟಕದ ಮೊದಲ ರಾಮ್ಸರ್ ತಾಣವೂ ಇದೇ, 2022ರಲ್ಲಿ ಘೋಷಣೆಯಾಯಿತು. ದೋಣಿಯಲ್ಲಿ ಅವ್ವ ನನ್ನ ತೋಳು ಹಿಡಿದುಕೊಂಡಿದ್ದಳು. ಮರದ ತುಂಬ ಬಣ್ಣದ ಕೊಕ್ಕರೆಗಳು, ಚಮಚದಂಥ ಕೊಕ್ಕಿನ ಬಿಳಿ ಹಕ್ಕಿಗಳು ಗೂಡಿಗೆ ಕಡ್ಡಿ ತರುತ್ತಿದ್ದವು. ಬಂಡೆಯ ಮೇಲೆ ಮೊಸಳೆ ಬಾಯಿ ತೆರೆದು ಬಿಸಿಲು ಕಾಯುತ್ತಿತ್ತು. ನೀರು ಹಿಡಿದು ಹೊಲಕ್ಕೆ ಹರಿಸಲು ಹಾಕಿದ ಒಂದು ಒಡ್ಡು ಇಷ್ಟು ಜೀವಗಳಿಗೆ ಬಾಣಂತಿ ಮನೆಯಾಗಿದೆ. ಕೆರೆ ಕಟ್ಟಿ ಬದುಕಿದ ಸೀಮೆಯವರಾದ ನಮಗೆ ಇದಕ್ಕಿಂತ ಹತ್ತಿರದ ಅಚ್ಚರಿ ಬೇರೆ ಇರಲಿಲ್ಲ.

ಹಿಂತಿರುಗುವಾಗ ದಾರಿ ಬಳಸಿ ಬಾಸೂರು ಕಾವಲಿನ ಕಡೆಯಿಂದ ಹೋಗೋಣವೆಂದು ಅಪ್ಪನೇ ಹೇಳಿದ. ಇಳಿಹೊತ್ತು. ಮಾಗಿಯ ಹುಲ್ಲು ಒಣಗಿ ಬಂಗಾರದ ಬಣ್ಣವಾಗಿತ್ತು. ದೂರದಲ್ಲಿ ಐದಾರು ಕೃಷ್ಣಮೃಗಗಳು ತಲೆಯೆತ್ತಿ ನೋಡಿದವು. ಅಪ್ಪ ಕಾರಿನಿಂದಿಳಿದು ರಸ್ತೆಯಂಚಿನ ಹುಲ್ಲನ್ನು ಕಿತ್ತು ಬೆರಳಲ್ಲಿ ಹೊಸಕಿ ಮೂಸಿದ. ಜೀವಮಾನವೆಲ್ಲ ಆ ಹುಲ್ಲಿನ ಪಕ್ಕದಲ್ಲೇ ಓಡಾಡಿದವನು, ಅಂದು ಅದನ್ನು ಬೇರೆ ಕಣ್ಣಿನಿಂದ ನೋಡುತ್ತಿದ್ದ.

“ಹಾಲು ಕರೆಯೋ ಹೊತ್ತಾಯ್ತು, ನಡೀರಿ” ಎಂದಳು ಅವ್ವ.

ಕಾರು ಹೊರಟ ಮೇಲೆ ಅಪ್ಪ ಸ್ವಲ್ಪ ದೂರ ಸುಮ್ಮನಿದ್ದ. ಯಗಟಿಯ ತೆಂಗಿನ ತಲೆಗಳು ಕಾಣುವಾಗ ಹೇಳಿದ:

“ಮುಂದಿನ ಸಲ ಅಜ್ಜಂಪುರಕ್ಕೆ ಹೋಗಾನವ್ವ. ಆ ದನಗಳನ್ನ ಒಂದ್ಸಲ ಹತ್ತಿರದಿಂದ ನೋಡ್ಬೇಕು.”