ಜಾತ್ರೆಯ ಬಾಗಿಲಲ್ಲಿ ಲಸಿಕೆಯ ಚೀಟಿ

ಮಧುಗಿರಿಯ ದಂಡಿನ ಮಾರಮ್ಮನ ಜಾತ್ರೆಗೆ ಸುತ್ತಲ ಸೀಮೆಯ ಜನವೆಲ್ಲ ಬರುತ್ತಾರೆ. ಕೊಡಿಗೇನಹಳ್ಳಿ ಕಡೆಯಿಂದ ಬರುವವರಲ್ಲಿ ಕನ್ನಡ ಮಾತಿನವರೂ ಇರುತ್ತಾರೆ, ತೆಲುಗು ಮಾತಿನವರೂ ಇರುತ್ತಾರೆ. ಆಂಧ್ರದ ಹಿಂದೂಪುರ ಆ ಊರಿಗೆ ದೂರವೇನಲ್ಲ. ಕಡ್ಲೆಪುರಿ, ಬತ್ತಾಸು, ಬಳೆ ಅಂಗಡಿ, ಪೀಪಿಯ ಸದ್ದು, ಮಕ್ಕಳನ್ನು ಕೂರಿಸಿಕೊಂಡು ತಿರುಗುವ ತೊಟ್ಟಿಲು. ಯಾರು ಎಲ್ಲಿಂದ ಬಂದರು, ಮೈಯಲ್ಲಿ ಯಾವ ಕಾಯಿಲೆ ಹೊತ್ತು ತಂದರು ಎಂದು ಕೇಳುವವರಿಲ್ಲ. ಕೇಳೋಣವೆಂದರೆ ಜಾತ್ರೆಗೆ ಬಾಗಿಲೇ ಇಲ್ಲ.

ಹಾಗೆಂದು ಅಂಟುರೋಗಕ್ಕೂ ಬಾಗಿಲಿಗೂ ಇರುವ ಸಂಬಂಧ ನಮ್ಮ ಹಿರಿಯರಿಗೆ ತಿಳಿಯದ್ದೇನಲ್ಲ. ಸಿಡುಬು ಬಂದರೂ, ದಡಾರ ಬಂದರೂ ಮನೆಗೆ ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಬಾಗಿಲಿಗೆ ಬೇವಿನ ಸೊಪ್ಪು ಸಿಕ್ಕಿಸಿದ್ದರೆ ಹೊರಗಿನವರು ಹೊಸಿಲು ದಾಟುತ್ತಿರಲಿಲ್ಲ. ಭಕ್ತಿಯ ಹೆಸರಿನಲ್ಲಿ ನಡೆಯುತ್ತಿದ್ದ ಈ ಪದ್ಧತಿಯಲ್ಲಿ ರೋಗಿಯನ್ನು ಬೇರೆ ಇಡುವ ವಿವೇಕವೂ ಇತ್ತು.

ಈಗಿನ ಮಕ್ಕಳಿಗೆ ಊರ ಜಾತ್ರೆಯ ಜೊತೆಗೆ ಇನ್ನೊಂದು ಬಗೆಯ ಜಾತ್ರೆಯೂ ಇದೆ. ಬಿಡದಿ ಬಳಿಯ ವಂಡರ್‌ಲಾದಂಥ ಮನರಂಜನಾ ಉದ್ಯಾನಗಳಿಗೆ ಶಾಲೆಯ ಬಸ್ಸುಗಳು ಹೋಗುತ್ತವೆ. ಅಲ್ಲಿ ಬಾಗಿಲಿದೆ, ಟಿಕೆಟ್ಟಿದೆ, ಚೀಲ ತಪಾಸಣೆಯಿದೆ. ಕೆಲವು ಆಟಗಳಿಗೆ ಮಕ್ಕಳ ಎತ್ತರವನ್ನೂ ಅಳೆಯುತ್ತಾರೆ. ಎತ್ತರ ಅಳೆಯುವವರು ಲಸಿಕೆಯ ಚೀಟಿಯನ್ನೂ ಏಕೆ ಕೇಳಬಾರದು? ಪ್ರಶ್ನೆ ಸರಳವಾಗಿ ಕಾಣುತ್ತದೆ. ಉತ್ತರ ಅಷ್ಟು ಸರಳವಲ್ಲ.

ಈ ಪ್ರಶ್ನೆ ಜೋರಾಗಿ ಕೇಳಿಬಂದದ್ದು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ. 2014ರ ಡಿಸೆಂಬರಿನಲ್ಲಿ ಅಲ್ಲಿನ ಡಿಸ್ನಿ ಉದ್ಯಾನಗಳಿಗೆ ಬಂದವರಲ್ಲಿ ದಡಾರ ಕಾಣಿಸಿಕೊಂಡಿತು. ಕೆಲವೇ ವಾರಗಳಲ್ಲಿ ಕ್ಯಾಲಿಫೋರ್ನಿಯಾ ನಿವಾಸಿಗಳಲ್ಲೇ 110 ಪ್ರಕರಣಗಳು ದಾಖಲಾದವು. ಅವರಲ್ಲಿ 49 ಮಂದಿ ಲಸಿಕೆ ಪಡೆಯದವರು. ಆ 49ರಲ್ಲಿ 12 ಎಳೆಯ ಕೂಸುಗಳು. ಅವಕ್ಕೆ ಇನ್ನೂ ಲಸಿಕೆಯ ವಯಸ್ಸೇ ಆಗಿರಲಿಲ್ಲ. ಎರಡು ಡೋಸ್ ಪಡೆದಿದ್ದ ಕೆಲವರಿಗೂ ರೋಗ ತಗುಲಿತ್ತು.

ದಡಾರದ ಲೆಕ್ಕವನ್ನು ಶಾಲೆಯ ಮಕ್ಕಳೂ ಮಾಡಬಹುದು. ಈ ವೈರಾಣು ಗಾಳಿಯಲ್ಲಿ ಹರಡುತ್ತದೆ. ರೋಗಿ ಕೋಣೆಯಿಂದ ಎದ್ದು ಹೋದ ಮೇಲೂ ಎರಡು ಗಂಟೆಯವರೆಗೆ ಅಲ್ಲಿ ಉಳಿಯಬಲ್ಲದು. ಯಾರಿಗೂ ರೋಗನಿರೋಧಕ ಶಕ್ತಿ ಇಲ್ಲದ ಊರಿನಲ್ಲಿ ಒಬ್ಬ ರೋಗಿಯಿಂದ 12ರಿಂದ 18 ಜನರಿಗೆ ಅದು ಅಂಟುತ್ತದೆ. ಹದಿನೈದು ಎಂದಿಟ್ಟುಕೊಳ್ಳಿ. ಆ ಹದಿನೈದರಲ್ಲಿ ಹದಿನಾಲ್ಕು ಜನ ರಕ್ಷಣೆ ಪಡೆದವರಾದರೆ ರೋಗ ಒಬ್ಬರಿಗೆ ಮಾತ್ರ ದಾಟುತ್ತದೆ. ಅದಕ್ಕಿಂತ ಹೆಚ್ಚು ಜನ ರಕ್ಷಿತರಾದರೆ ಸರಪಳಿ ಕಡಿದುಹೋಗುತ್ತದೆ. ನೂರಕ್ಕೆ 95 ಮಕ್ಕಳಿಗೆ ಎರಡು ಡೋಸ್ ಆಗಬೇಕು ಎಂದು ವೈದ್ಯರು ಹೇಳುವುದು ಇದೇ ಲೆಕ್ಕದಿಂದ. ಉಳಿದ ಐದು ಸ್ಥಾನ ಯಾರಿಗೆ? ಒಂಬತ್ತು ತಿಂಗಳು ತುಂಬದ ಕೂಸಿಗೆ, ಕ್ಯಾನ್ಸರ್ ಚಿಕಿತ್ಸೆಯಲ್ಲಿದ್ದು ಲಸಿಕೆ ತಾಳಲಾರದ ಮಗುವಿಗೆ. ಆ ಐದು ಸ್ಥಾನಗಳನ್ನು ಉದಾಸೀನದವರು ತುಂಬಿಬಿಟ್ಟರೆ ತೊಂದರೆ ಅನುಭವಿಸುವವರು ಆ ಕೂಸುಗಳು.

ಕ್ಯಾಲಿಫೋರ್ನಿಯಾ ಸರ್ಕಾರ ಆಮೇಲೆ ಏನು ಮಾಡಿತು ಎಂಬುದು ಗಮನಿಸತಕ್ಕ ಸಂಗತಿ. 2015ರಲ್ಲಿ ಹೊಸ ಕಾನೂನು ತಂದು, ‘ನಮ್ಮ ನಂಬಿಕೆಗೆ ಒಪ್ಪುವುದಿಲ್ಲ’ ಎಂಬ ಕಾರಣಕ್ಕೆ ಶಾಲಾ ಮಕ್ಕಳಿಗೆ ಲಸಿಕೆ ತಪ್ಪಿಸುವ ಅವಕಾಶವನ್ನು ತೆಗೆದುಹಾಕಿತು. ರೋಗ ಹರಡಿದ್ದು ಆಟದ ಉದ್ಯಾನದಿಂದ. ಚೀಟಿ ಕೇಳಿದ್ದು ಶಾಲೆಯಲ್ಲಿ.

ಕರ್ನಾಟಕಕ್ಕೂ ಇಂಥ ದಿನ ಬಂತು. ಭಾರತದ ಮೊದಲ ಎರಡು ಒಮಿಕ್ರಾನ್ ಪ್ರಕರಣಗಳು ಬೆಂಗಳೂರಿನಲ್ಲಿ ಪತ್ತೆಯಾದ ಸುದ್ದಿ ಹೊರಬಿದ್ದದ್ದು 2021ರ ಡಿಸೆಂಬರ್ 2ರಂದು. ಮರುದಿನವೇ ರಾಜ್ಯ ಸರ್ಕಾರ ಹೊಸ ನಿಯಮ ಪ್ರಕಟಿಸಿತು. ಮಾಲ್, ಚಿತ್ರಮಂದಿರ, ನಾಟಕಮಂದಿರಗಳಿಗೆ ಎರಡು ಡೋಸ್ ಪಡೆದವರಿಗೆ ಮಾತ್ರ ಪ್ರವೇಶ. ಶಾಲೆ ಕಾಲೇಜಿಗೆ ಹೋಗುವ 18 ವರ್ಷದೊಳಗಿನ ಮಕ್ಕಳ ತಂದೆತಾಯಿಗಳು ಕಡ್ಡಾಯವಾಗಿ ಎರಡು ಡೋಸ್ ಪಡೆದಿರಬೇಕು.

ಕೊಡಿಗೇನಹಳ್ಳಿ ಹೋಬಳಿಯ ಒಂದು ಮನೆಯಲ್ಲಿ ಆ ಸಂಜೆ ಈ ನಿಯಮದ ಮೇಲೆ ದೊಡ್ಡ ಚರ್ಚೆ ನಡೆಯಿತು. ತಾಯಿ ಅಂಗನವಾಡಿ ಸಹಾಯಕಿ; ಆಕೆಗೆ ವರ್ಷದ ಆರಂಭದಲ್ಲೇ ಎರಡೂ ಡೋಸ್ ಆಗಿತ್ತು. ಬೇಸಾಯಗಾರ ತಂದೆ ಮೊದಲು ಲಸಿಕೆ ಸಿಗದೆ, ಆಮೇಲೆ ಯಾರದೋ ಮಾತು ಕೇಳಿ ಹಿಂಜರಿದು, ಕಡೆಗೆ ಅಕ್ಟೋಬರ್ ಮಧ್ಯದಲ್ಲಿ ಮೊದಲ ಡೋಸ್ ಹಾಕಿಸಿಕೊಂಡಿದ್ದ. ಕೋವಿಶೀಲ್ಡಿನ ಎರಡು ಡೋಸ್‌ಗಳ ನಡುವೆ ಆಗ 84 ದಿನ ಕಳೆಯಬೇಕಿತ್ತು. ಎಂಟನೇ ತರಗತಿಯ ಮಗಳಿಗೆ ಭಯ ಹತ್ತಿತು.

‘ಅಪ್ಪಾ, ನಿನ್ನ ಎರಡನೇ ಸೂಜಿ ಯಾವಾಗ?’

‘ಜನವರಿಗೆ ಕಣಮ್ಮ. ಅದಕ್ಕೆ ಮುಂಚೆ ಹಾಕಲ್ಲ ಅಂತಾರೆ.’

‘ಹಂಗಾದ್ರೆ ನನ್ನ ಸ್ಕೂಲಿಗೆ ಬರಬೇಡ ಅಂದ್ರೆ?’

ಇದಕ್ಕೆ ತಂದೆಯ ಬಳಿ ಉತ್ತರವಿರಲಿಲ್ಲ. ಮೂಲೆಯಲ್ಲಿ ಕೂತಿದ್ದ ಅಜ್ಜಿ ಸೀರೆಯ ಸೆರಗು ಸರಿಸಿ ತೋಳು ತೋರಿಸಿದಳು. ಕಾಸಗಲದ ಹಳೆಯ ಕಲೆ. ‘ನಮ್ಮ ಕಾಲದಾಗೆ ಮೈಲಿ ದಾಕು ಹಾಕ್ದೋರು ಚೀಟಿ ಕೇಳ್ತಿರ್ಲಿಲ್ಲ, ತೋಳು ನೋಡ್ತಿದ್ರು’ ಎಂದಳು. ಎಲ್ಲರೂ ನಕ್ಕರು. ಮಗಳು ಮಾತ್ರ ನಗಲಿಲ್ಲ.

ಅಜ್ಜಿಯ ಮಾತಿನಲ್ಲಿ ವಿಜ್ಞಾನವಿದೆ. ಸಿಡುಬಿನ ಲಸಿಕೆ ಪಡೆದವರಿಂದ ರೋಗ ಹರಡುವುದು ಬಹುಮಟ್ಟಿಗೆ ನಿಲ್ಲುತ್ತಿತ್ತು. ಆದ್ದರಿಂದ ತೋಳಿನ ಕಲೆ ಅವನಿಗೂ ರಕ್ಷೆ, ಪಕ್ಕದವನಿಗೂ ರಕ್ಷೆ. ಭಾರತದ ಕೊನೆಯ ಸಿಡುಬು ಪ್ರಕರಣ ಕಂಡದ್ದು 1975ರಲ್ಲಿ. ಜಗತ್ತೇ ಸಿಡುಬು ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ 1980ರಲ್ಲಿ ಸಾರಿತು. ಕೊರೊನಾ ಲಸಿಕೆಯ ಕಥೆ ಬೇರೆ. ಅದು ರೋಗ ಉಲ್ಬಣಿಸಿ ಸಾವಿನ ದವಡೆಗೆ ಬೀಳದಂತೆ ಅಸಂಖ್ಯ ಜನರನ್ನು ಕಾಪಾಡಿತು. ಆದರೆ ಒಮಿಕ್ರಾನ್ ಎದುರು, ಒಬ್ಬರಿಂದ ಒಬ್ಬರಿಗೆ ಅಂಟುವುದನ್ನು ತಡೆಯುವಲ್ಲಿ ಅದರ ಬಲ ಕಡಿಮೆ. ಬೆಂಗಳೂರಿನ ಆ ಮೊದಲ ಇಬ್ಬರು ಸೋಂಕಿತರೂ ಎರಡು ಡೋಸ್ ಪಡೆದಿದ್ದವರೇ. ಮಾಲಿನ ಬಾಗಿಲಲ್ಲಿ ಚೀಟಿ ತೋರಿಸಿದ್ದರೆ ಅವರಿಬ್ಬರಿಗೂ ಪ್ರವೇಶ ಸಿಗುತ್ತಿತ್ತು. ಕೊಡಿಗೇನಹಳ್ಳಿಯ ಆರೋಗ್ಯವಂತ ಬೇಸಾಯಗಾರನಿಗೆ ಸಿಗುತ್ತಿರಲಿಲ್ಲ.

ಸರ್ವೋಚ್ಚ ನ್ಯಾಯಾಲಯ 2022ರ ಮೇ 2ರಂದು, ಜೇಕಬ್ ಪುಲಿಯೆಲ್ ಎಂಬುವರ ಅರ್ಜಿಯ ತೀರ್ಪಿನಲ್ಲಿ ಇದೇ ವಿಷಯವನ್ನು ತೂಗಿ ನೋಡಿತು. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದಿತು. ಸಮಾಜದ ಆರೋಗ್ಯಕ್ಕಾಗಿ ಸರ್ಕಾರ ನಿರ್ಬಂಧ ಹೇರಬಹುದು, ಆದರೆ ಅದು ಅಪಾಯಕ್ಕೆ ತಕ್ಕ ಪ್ರಮಾಣದಲ್ಲಿರಬೇಕು ಎಂದೂ ಹೇಳಿತು. ಲಸಿಕೆ ಪಡೆಯದವರಿಂದ ಪಡೆದವರಿಗಿಂತ ಹೆಚ್ಚು ಸೋಂಕು ಹರಡುತ್ತದೆ ಎಂಬುದಕ್ಕೆ ಸರ್ಕಾರಗಳು ಮಾಹಿತಿ ಒದಗಿಸಿಲ್ಲವಾದ್ದರಿಂದ, ಸಾರ್ವಜನಿಕ ಸ್ಥಳಗಳಲ್ಲಿ ಅವರನ್ನು ತಡೆಯುವ ಆಗಿನ ಆದೇಶಗಳು ಅಂಥ ಪ್ರಮಾಣಬದ್ಧ ಕ್ರಮಗಳಲ್ಲ ಎಂದು ಅಭಿಪ್ರಾಯಪಟ್ಟಿತು. ಅದೇ ತೀರ್ಪು ಲಸಿಕೆ ಕಾರ್ಯಕ್ರಮವನ್ನು ಅಲ್ಲಗಳೆಯಲಿಲ್ಲ ಎಂಬುದನ್ನೂ ಮರೆಯಬಾರದು.

ಹಾಗಾದರೆ ಬಾಗಿಲಲ್ಲಿ ಚೀಟಿ ಕೇಳುವುದೇ ತಪ್ಪೇ? ಅದೂ ಅಲ್ಲ. ಆಫ್ರಿಕದ ಹಲವು ದೇಶಗಳಿಗೆ ಹೋಗುವವರು ಹಳದಿ ಜ್ವರದ ಲಸಿಕೆಯ ಪತ್ರ ತೋರಿಸಲೇಬೇಕು. ಹಜ್ ಯಾತ್ರಿಕರು ಮೆದುಳು ಪೊರೆಯ ಜ್ವರದ ಲಸಿಕೆ ಪಡೆದಿರಲೇಬೇಕು. ಯಾರೂ ಅದನ್ನು ಅನ್ಯಾಯವೆನ್ನುವುದಿಲ್ಲ. ಚೀಟಿ ಕೇಳುವವರು ಮೊದಲು ಮೂರು ಪ್ರಶ್ನೆಗಳನ್ನು ತಮಗೇ ಕೇಳಿಕೊಳ್ಳಬೇಕು. ಈ ಲಸಿಕೆ ರೋಗ ಹರಡುವುದನ್ನು ನಿಜವಾಗಿ ತಡೆಯುತ್ತದೆಯೇ? ಎಲ್ಲರಿಗೂ ಅದನ್ನು ಪಡೆಯುವ ಅವಕಾಶ, ಸಮಯ ಸಿಕ್ಕಿತ್ತೇ? ಇದಕ್ಕಿಂತ ಸೌಮ್ಯವಾದ ದಾರಿ ಬೇರೆ ಇಲ್ಲವೇ? ಮೂರಕ್ಕೂ ಸರಿಯಾದ ಉತ್ತರ ಬಂದರೆ ಕೇಳಲಿ. ದಡಾರವಾದರೆ ಮೊದಲನೆಯ ಪ್ರಶ್ನೆಯಲ್ಲಿ ಪೂರ್ತಿ ಅಂಕ; 2021ರ ನಿಯಮವಾದರೆ ಎರಡನೆಯದರಲ್ಲೇ ನಪಾಸು.

ದಡಾರಕ್ಕೂ ಆಟದ ಉದ್ಯಾನದ ಬಾಗಿಲು ತಕ್ಕ ಜಾಗವಲ್ಲ. ಅಲ್ಲಿ ಟಿಕೆಟ್ ಹರಿಯುವವನಿಗೆ ಚೀಟಿ ಅಸಲಿಯೋ ನಕಲಿಯೋ ತಿಳಿಯದು; ಲಸಿಕೆ ಆಗದ ಮಗುವನ್ನು ಹಿಂದೆ ಕಳಿಸಬಹುದೇ ಹೊರತು ಲಸಿಕೆ ಕೊಡಿಸಲಾರ. ಆ ಮಗು ಹಿಂತಿರುಗಿ ಅದೇ ಬಸ್ಸಿನಲ್ಲಿ, ಅದೇ ತರಗತಿಯಲ್ಲಿ ಕೂರುತ್ತದೆ. ಶಾಲೆಗೆ ಮತ್ತು ಅಂಗನವಾಡಿಗೆ ಆ ಅಸಹಾಯಕತೆ ಇಲ್ಲ. 2017ರ ಫೆಬ್ರವರಿಯಲ್ಲಿ ದಡಾರ ರುಬೆಲ್ಲಾ ಲಸಿಕೆ ಅಭಿಯಾನ ಆರಂಭವಾದಾಗ ಮೊದಲ ಹಂತದಲ್ಲೇ ಕರ್ನಾಟಕವಿತ್ತು. ಒಂಬತ್ತು ತಿಂಗಳಿಂದ ಹದಿನೈದು ವರ್ಷದೊಳಗಿನ ಮಕ್ಕಳಿಗೆ ಶಾಲೆಗಳಲ್ಲೇ ಲಸಿಕೆ ಹಾಕಿದರು. ಮೊಬೈಲುಗಳಲ್ಲಿ ವದಂತಿಗಳು ಓಡಾಡಿದವು. ಶಿಕ್ಷಕರು, ಆಶಾ ಕಾರ್ಯಕರ್ತೆಯರು, ದಾದಿಯರು ಪೋಷಕರ ಜೊತೆ ಕೂತು ಮಾತನಾಡಬೇಕಾಯಿತು. ಬಾಗಿಲ ಕಾವಲುಗಾರನಿಂದ ಆಗುವ ಕೆಲಸವಲ್ಲ ಅದು. ಶಾಲೆ ಚೀಟಿ ಕೇಳಲಿ. ಇಲ್ಲದ ಮಗುವನ್ನು ಹೊರಗೆ ನಿಲ್ಲಿಸದೆ ಆರೋಗ್ಯ ಕೇಂದ್ರಕ್ಕೆ ಕಳಿಸಲಿ.

ಆ ಮನೆಯ ತಂದೆ 2022ರ ಜನವರಿಯಲ್ಲಿ ಎರಡನೇ ಡೋಸ್ ಹಾಕಿಸಿಕೊಂಡ. ಮಗಳ ವಯಸ್ಸಿನವರಿಗೆ ಲಸಿಕೆ ಆರಂಭವಾದದ್ದು ಮಾರ್ಚ್ 16ರಂದು. ಅವಳೂ ಹಾಕಿಸಿಕೊಂಡಳು.

ಮುಂದಿನ ಪ್ರವಾಸಕ್ಕೆ ಬಸ್ಸು ಹೊರಡುವ ಮುನ್ನ ತಂದೆತಾಯಿಗಳು ಒಂದು ಕೆಲಸ ಮಾಡಬಹುದು. ಪೆಟ್ಟಿಗೆಯ ತಳದಲ್ಲಿರುವ ತಾಯಿ ಕಾರ್ಡನ್ನು ಹೊರತೆಗೆದು ನೋಡಬಹುದು. ದಡಾರ ರುಬೆಲ್ಲಾ ಲಸಿಕೆ ಒಂಬತ್ತರಿಂದ ಹನ್ನೆರಡು ತಿಂಗಳೊಳಗೆ ಒಮ್ಮೆ, ಹದಿನಾರರಿಂದ ಇಪ್ಪತ್ತನಾಲ್ಕು ತಿಂಗಳೊಳಗೆ ಇನ್ನೊಮ್ಮೆ ಆಗಿರಬೇಕು. ಧನುರ್ವಾಯು ಮತ್ತು ಗಂಟಲಮಾರಿಯ ಟಿ.ಡಿ. ಲಸಿಕೆ ಹತ್ತನೇ ವರ್ಷಕ್ಕೊಮ್ಮೆ, ಹದಿನಾರನೇ ವರ್ಷಕ್ಕೊಮ್ಮೆ ಬೇಕು; ಮಕ್ಕಳು ದೊಡ್ಡವರಾದರೆಂದು ಇವೆರಡನ್ನು ಮರೆಯುವ ಮನೆಗಳೇ ಹೆಚ್ಚು. ತಪ್ಪಿಹೋಗಿದ್ದರೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಬಹುದು, ಹಣ ಕೊಡಬೇಕಾಗಿಲ್ಲ.